ಹಿಂಬಾಲಕ ಮೀಮಾಂಸೆ ಅಥವಾ ರೀಲ್ಸ್ ಯುಗದ ಆಪ್ತಲಕ್ಷಣ

ಶಾಸ್ತ್ರಗ್ರಂಥದ ಪದ್ಧತಿಯಂತೆ ಮೊದಲು ಪ್ರಮಾಣ ವಿಚಾರ. ಸತ್ಯ ತಿಳಿಯುವ ದಾರಿಗಳನ್ನು ನೈಯಾಯಿಕರು ನಾಲ್ಕೆಂದು ಎಣಿಸಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಮೊದಲ ಮೂರಕ್ಕೆ ಸ್ವಲ್ಪ ತಲೆ ಓಡಿಸಬೇಕಾದ್ದರಿಂದ ಅವು ಈಗ ಬಳಕೆಯಲ್ಲಿಲ್ಲ. ನಾಲ್ಕನೆಯದು ಹಗಲೂ ರಾತ್ರಿ ಚಾಲ್ತಿಯಲ್ಲಿದೆ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ವಿಷಯವನ್ನು ಕಂಡು ತಿಳಿದು, ತಿಳಿದದ್ದನ್ನು ಇದ್ದಹಾಗೆ ಹೇಳುವವನು. ಇಂಥವನನ್ನು ಗುರುತಿಸುವುದು ಹೇಗೆಂದು ಪ್ರಾಚೀನರು ಶತಮಾನಗಟ್ಟಲೆ ಜಗಳವಾಡಿದರು. 2023ರ ಜೂನ್‌ನಲ್ಲಿ ಮೆಟಾ ಕಂಪನಿ ಆ ಜಗಳವನ್ನು ಭಾರತದ ಮಟ್ಟಿಗೆ ಬಗೆಹರಿಸಿತು: ಮೊಬೈಲಿನಲ್ಲಿ ತಿಂಗಳಿಗೆ 699 ರೂಪಾಯಿ ಕಟ್ಟಿ, ಸರ್ಕಾರಿ ಗುರುತಿನ ಚೀಟಿ ತೋರಿಸಿದರೆ ಹೆಸರಿನ ಪಕ್ಕ ನೀಲಿ ಟಿಕ್. ಕಂಡು ತಿಳಿದಿರಬೇಕೆಂಬ ಷರತ್ತಿಲ್ಲ. ಕಂತು ತಪ್ಪಿದ ತಿಂಗಳು ಆಪ್ತತ್ವವೂ ತಪ್ಪುತ್ತದೆ; ನ್ಯಾಯಸೂತ್ರಕಾರ ಗೌತಮ ಮುನಿಗೆ ಹೊಳೆಯದೆ ಹೋದ ಸೂಕ್ಷ್ಮವಿದು.

ಇನ್ನು ಲಕ್ಷಣ. ಸೆಲೆಬ್ರಿಟಿ ಎಂದರೆ ಪ್ರಸಿದ್ಧನಾಗಿರುವುದಕ್ಕೇ ಪ್ರಸಿದ್ಧನಾದವನು ಎಂಬರ್ಥದ ಮಾತನ್ನು ಡೇನಿಯಲ್ ಬೂರ್‌ಸ್ಟಿನ್ ಎಂಬ ಅಮೆರಿಕನ್ ಇತಿಹಾಸಕಾರ 1960ರ ದಶಕದ ಆರಂಭದಲ್ಲೇ ಹೇಳಿಬಿಟ್ಟಿದ್ದ. ನಮ್ಮ ತರ್ಕಶಾಸ್ತ್ರದಲ್ಲಿ ಇದಕ್ಕೆ ಆತ್ಮಾಶ್ರಯ ದೋಷವೆಂದು ಹೆಸರು. ಈ ದೋಷ 1 ಲಕ್ಷ ಚಂದಾದಾರರನ್ನು ದಾಟಿದರೆ ಯೂಟ್ಯೂಬ್ ಬೆಳ್ಳಿ ಬಟನ್ ಕಳುಹಿಸುತ್ತದೆ, 10 ಲಕ್ಷಕ್ಕೆ ಚಿನ್ನದ್ದು, ಕೋಟಿಗೆ ವಜ್ರದ್ದು.

ಇತಿಹಾಸ ಚಿಕ್ಕದು. 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವೆಂಬ ಪ್ರಳಯವಾಯಿತು. ಮುಂದಿನ ತಿಂಗಳೇ ಇನ್‌ಸ್ಟಾಗ್ರಾಂ ರೀಲ್ಸ್ ಎಂಬ ದೋಣಿ ತಂದು ನಿಲ್ಲಿಸಿತು. ಹತ್ತಿದವರು ಬದುಕಿದರು.

ದಾನ ಪ್ರಕರಣವನ್ನು ಮಾತ್ರ ವಿಸ್ತಾರವಾಗಿ ನೋಡಬೇಕು. ಬಸ್‌ಸ್ಟ್ಯಾಂಡಿನಲ್ಲಿ ಮಲಗಿದವನಿಗೆ ಕಂಬಳಿ ಹೊದಿಸಿ ವಿಡಿಯೊ ಹಾಕುವುದು ನಮ್ಮ ಸಂಸ್ಕೃತಿಯೇ ಅಲ್ಲ ಎಂದು ಹಿರಿಯರು ಸಿಡುಕುತ್ತಾರೆ. ಇದು ಎಪಿಗ್ರಾಫಿಯಾ ಕರ್ನಾಟಿಕಾದ ಒಂದು ಶಾಸನಸಂಪುಟವನ್ನೂ ತೆರೆದು ನೋಡದವರ ಆಕ್ಷೇಪ. ದಾನ ಮಾಡಿ ಸುಮ್ಮನಿದ್ದವನ ಶಾಸನ ಕನ್ನಡನಾಡಿನಲ್ಲಿ ಇದುವರೆಗೆ ಒಂದೂ ದೊರೆತಿಲ್ಲ. ದೊರೆಯ ಬಿರುದಾವಳಿಯೇ ಎಷ್ಟೋ ಸಲ ಅರ್ಧ ಕಲ್ಲನ್ನು ನುಂಗುತ್ತದೆ. ಕೊನೆಗೆ, ಈ ದಾನವನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಗಲಲಿ ಎಂಬ ಶಾಪಾಶಯ. (ಹತ್ತು ಜನಕ್ಕೆ ಶೇರ್ ಮಾಡದಿದ್ದರೆ ಕೆಟ್ಟ ಸುದ್ದಿ ಕೇಳುವಿರಿ ಎಂಬ ಸಂದೇಶದ ಕುಲಮೂಲ ಇಲ್ಲಿದೆ.) ಒಂದು ವ್ಯತ್ಯಾಸವಿದೆ. ಶಾಸನದಲ್ಲಿ ಪಡೆದವನ ಗದ್ದೆಗೆ ಮೂಡಲಲ್ಲಿ ಯಾವ ಹಳ್ಳ, ಪಡುವಲಲ್ಲಿ ಯಾವ ಹುಣಿಸೆಮರ ಎಂದು ಎಲ್ಲೆ ಬರೆದಿರುತ್ತದೆ. ಅದನ್ನು ತೋರಿಸಿ ಅವನ ಮೊಮ್ಮಗನೂ ಹಕ್ಕು ಕೇಳಬಹುದಿತ್ತು. ರೀಲ್ಸಿನಲ್ಲಿ ಪಡೆದವನದು ಮುಖವಷ್ಟೇ ದಾಖಲಾಗುತ್ತದೆ. ಅದನ್ನೂ ಮೊಮ್ಮಗ ನೋಡುತ್ತಾನೆ.

ಸತ್ಯ-ಮಿಥ್ಯಾ ಪ್ರಕರಣಕ್ಕೆ ಉದಾಹರಣೆ ಬೆಂಗಳೂರಿನದು. 2025ರ ಮಾರ್ಚ್‌ನಲ್ಲಿ, ಮಚ್ಚು ಹಿಡಿದು ರೀಲ್ಸ್ ಮಾಡಿದ್ದಕ್ಕಾಗಿ ಬಿಗ್‌ಬಾಸ್ ಖ್ಯಾತಿಯ ಇಬ್ಬರನ್ನು ಪೊಲೀಸರು ಬಂಧಿಸಿದರು. ಮಚ್ಚು ಫೈಬರಿನದೋ ಕಬ್ಬಿಣದ್ದೋ ಎಂಬುದೇ ಕೆಲಕಾಲ ತನಿಖೆಯ ವಿಷಯವಾಯಿತು. ಹಗ್ಗವೋ ಹಾವೋ ಎಂಬ ಒಂದೇ ದೃಷ್ಟಾಂತವನ್ನು ಸಾವಿರ ವರ್ಷ ಉಜ್ಜಿ ಸವೆಸಿದ್ದ ವೇದಾಂತಿಗಳಿಗೆ ಹೊಸದೊಂದು ಸಿಕ್ಕಿತು. ಅದನ್ನು ಅವರಿನ್ನೂ ಬಳಸಿಕೊಳ್ಳದಿರುವುದು ಸೋಜಿಗ.

ತೀರ್ಥಯಾತ್ರೆಯ ವಿಷಯಕ್ಕೆ ಬಂದರೆ, ಹಿಂದೆ ಒಂದು ಬೆಟ್ಟಕ್ಕೆ ಮಹಿಮೆ ಬರಲು ಸ್ಥಳಪುರಾಣ, ಋಷಿಯ ತಪಸ್ಸು, ಕಡೇಪಕ್ಷ ಒಬ್ಬ ರಾಕ್ಷಸನ ವಧೆಯಾದರೂ ಬೇಕಿತ್ತು. ಈಗ ಮಂಜಿನ ನಡುವೆ ಹಾರಿಸಿದ ಒಂದು ಡ್ರೋನ್ ಸಾಕು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಕಾಲಿಡಲು ಜಾಗವಿಲ್ಲದಷ್ಟು ಚಾರಣಿಗರು ಸೇರಿದರು. ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಚಾರಣವೇ ಬೇಡವೆಂದು ಸರ್ಕಾರ ತಡೆ ಹಾಕಬೇಕಾಯಿತು. ವಿಶೇಷವೆಂದರೆ, ಆ ನೂಕುನುಗ್ಗಲಿನ ವಿಡಿಯೊ ಕೂಡ ಚೆನ್ನಾಗಿ ಓಡಿತು.

ಅಪರಿಗ್ರಹ ವ್ರತಕ್ಕೆ ಆದಾಯ ತೆರಿಗೆ ಇಲಾಖೆಯ ಕೊಡುಗೆಯನ್ನು ಇಲ್ಲಿ ಸ್ಮರಿಸದಿದ್ದರೆ ಕೃತಘ್ನತೆಯಾದೀತು. 2022ರ ಜುಲೈ 1ರಿಂದ ಜಾರಿಯಾದ 194ಆರ್ ಕಲಮಿನ ಪ್ರಕಾರ ವರ್ಷಕ್ಕೆ 20,000 ರೂಪಾಯಿ ಮೀರಿದ ಕೊಡುಗೆಗೆ ಶೇ 10 ತೆರಿಗೆಯನ್ನು ಮೂಲದಲ್ಲೇ ಮುರಿದುಕೊಳ್ಳಬೇಕಾಯಿತು. ಕಂಪನಿ ಕೊಟ್ಟ ಮೊಬೈಲನ್ನು ಹೊಗಳಿ ಇಟ್ಟುಕೊಂಡರೆ ಅದು ಲಾಭ, ಹೊಗಳಿ ಹಿಂದಿರುಗಿಸಿದರೆ ಅಲ್ಲ. ತ್ಯಾಗದ ಫಲವನ್ನು ಇಷ್ಟು ನಿಖರವಾಗಿ, ಅದೂ ಶೇಕಡಾ ಲೆಕ್ಕದಲ್ಲಿ, ಯಾವ ಧರ್ಮಗ್ರಂಥವೂ ಹೇಳಿರಲಿಲ್ಲ. ಮರುವರ್ಷ ಗ್ರಾಹಕ ವ್ಯವಹಾರ ಇಲಾಖೆ, ಹಣ ಪಡೆದು ಹೊಗಳುವವರು ಹಾಗೆಂದು ಹೊಗಳಿದ ಭಾಷೆಯಲ್ಲೇ ತಿಳಿಸಬೇಕೆಂದು ಸೂಚಿಸಿತು. ಕನ್ನಡದಲ್ಲಿ ‘ಜಾಹೀರಾತು’ ಎಂದು ಬರೆದುಕೊಂಡ ರೀಲ್ಸ್ ಯಾರಿಗಾದರೂ ಕಂಡಲ್ಲಿ ಈ ಗ್ರಂಥಕರ್ತನಿಗೆ ತಿಳಿಸುವುದು.

ಇಷ್ಟಾದ ಮೇಲೆ ಪೂರ್ವಪಕ್ಷ. ಪೂರ್ವಪಕ್ಷಿ ಸಾಮಾನ್ಯವಾಗಿ ನಿವೃತ್ತ ಮೇಷ್ಟ್ರು; ಸಂಜೆಯ ವಾಕಿಂಗ್ ಮುಗಿಸಿ ಪಾರ್ಕಿನ ಬೆಂಚಿನಲ್ಲಿ ಸಿಗುತ್ತಾರೆ. “ಈ ಹುಡುಗ್ರು ಸಮಾಜಾನೇ ಹಾಳು ಮಾಡಿದ್ರು ಕಣಯ್ಯ” ಎಂಬುದು ಅವರ ವಾದ. ಇದು ನಿಲ್ಲುವುದಿಲ್ಲ. ಯೂಟ್ಯೂಬ್ ಪ್ರತಿ ವಿಡಿಯೊದ ಒಡೆಯರಿಗೆ ಒಂದು ಗ್ರಾಫ್ ತೋರಿಸುತ್ತದೆ: ನೋಡುಗರು ಎಷ್ಟನೇ ಸೆಕೆಂಡಿನಲ್ಲಿ ಎದ್ದುಹೋದರು ಎಂಬ ಲೆಕ್ಕ. ಮಲೆನಾಡಿನ ಅಡುಗೆ ತೋರಿಸುವ ಒಬ್ಬಾಕೆಯನ್ನು ಊಹಿಸಿಕೊಳ್ಳಿ. ಮೊದಲ ವಿಡಿಯೊ ಪತ್ರೊಡೆಯದು. ಅಕ್ಕಿ ನೆನೆಹಾಕುವಲ್ಲಿ ಗ್ರಾಫ್ ಕುಸಿಯಿತು; ಮುಂದಿನ ಸಲ ನೆನೆಹಾಕುವುದನ್ನು ಬಿಟ್ಟಳು. ಕೆಸುವಿನ ಎಲೆಯ ನಾರು ತೆಗೆಯುವಲ್ಲಿ ಇನ್ನಷ್ಟು ಜನ ಎದ್ದರು, ಅದನ್ನೂ ಬಿಟ್ಟಳು. ಗಂಡ ಬಾಯಿ ಸುಟ್ಟುಕೊಂಡಾಗ ಗೆರೆ ಚಿಗುರಿತು. ಮುಂದಿನ ವಾರ ಗಂಡನಿಗೆ ಪ್ರ್ಯಾಂಕ್. ಅದರ ಮುಂದಿನ ವಾರ ಗಂಡನ ಕಣ್ಣೀರು. ಈಗ “ನಾವಿಬ್ರೂ ಬೇರೆ ಆಗ್ತಿದೀವಾ?” ಎಂಬ ತಂಬ್‌ನೇಲ್. ಪತ್ರೊಡೆ ಕಳೆದುಹೋದದ್ದೆಲ್ಲಿ ಎಂದು ಹುಡುಕಿದರೆ ಅಕ್ಕಿ ನೆನೆಯುತ್ತಿದ್ದ ಆ ಸೆಕೆಂಡಿನಲ್ಲಿ ಸಿಗುತ್ತದೆ. ಮೇಷ್ಟ್ರೂ ಅದೇ ಸೆಕೆಂಡಿನಲ್ಲಿ ಎದ್ದುಹೋದವರು.

ಆದ್ದರಿಂದ ಸಿದ್ಧಾಂತ: ಲೋಕದಲ್ಲಿ ಅತಿ ಹೆಚ್ಚು ಪ್ರಭಾವಕ್ಕೆ ಒಳಗಾಗುವ ಪ್ರಾಣಿ ಇನ್‌ಫ್ಲುಯೆನ್ಸರ್ ಎಂಬ ಈ ಪ್ರಭಾವಿಯೇ. ಕೋಟಿ ಹೆಬ್ಬೆರಳುಗಳು ತೋರಿಸಿದತ್ತ ಕುಣಿಯುವ ಬಡಜೀವ. ಹೆಬ್ಬೆರಳಿನ ಮಹಿಮೆ ಮಹಾಭಾರತಕ್ಕೂ ಗೊತ್ತಿತ್ತು. ದ್ರೋಣ ತಾನು ಕಲಿಸದ ಶಿಷ್ಯನಿಂದ ಗುರುದಕ್ಷಿಣೆಯಾಗಿ ಕೇಳಿದ್ದು ಅದನ್ನೇ. ಏನನ್ನೂ ಕಲಿಸದ ಇಂದಿನ ಗುರುಗಳೂ ಅದನ್ನೇ ಕೇಳುತ್ತಾರೆ, ಕೈಯಿಂದ ಬೇರ್ಪಡಿಸದೆ. ಏಕಲವ್ಯನದು ಒಮ್ಮೆಗೆ ತೀರಿತು. ಇಲ್ಲಿ ಬೆಳಗ್ಗೆ ಹಾಸಿಗೆಯಲ್ಲೇ ಶುರು.

ಎಡಗೈ ಹೆಬ್ಬೆರಳಿನಿಂದ ಸ್ಕ್ರೋಲ್ ಮಾಡುವವರಿಗೂ ಈ ದೃಷ್ಟಾಂತ ಅನ್ವಯಿಸುತ್ತದೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅವರಿಗಾಗಿ ಎರಡನೆಯ ಸಂಪುಟ ಸಿದ್ಧವಾಗುತ್ತಿದೆ.