ತೈಲಾಂತರ್ಧಾನದ ತಾತ್ವಿಕ ನೆಲೆಗಳು: ವಾರಂಟಿ ಸಂಕಥನದಲ್ಲಿ ಎಂಜಿನ್ ಆಯಿಲ್, ಒಂದು ಅಧ್ಯಯನ

1. ಅಧ್ಯಯನದ ವ್ಯಾಪ್ತಿ, ಮಿತಿ ಮತ್ತು ಆಕರಗಳು

ಹೊಸ ಕಾರಿನ ಎಂಜಿನ್ನಿಗೆ ಹಾಕಿದ ಆಯಿಲ್, ನೆಲದ ಮೇಲೆ ಒಂದು ತೊಟ್ಟೂ ಸೋರದೆ, ಮುಂದಿನ ಸರ್ವೀಸಿಗೆ ಮುಂಚೆಯೇ ಕಾಣೆಯಾಗುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು 'ತೈಲಾಂತರ್ಧಾನ' ಎಂಬ ಪರಿಕಲ್ಪನೆಯಡಿ ಗುರುತಿಸುತ್ತದೆ. ರಸ್ತೆಬದಿಯ ಗ್ಯಾರೇಜಿನವರು ಇದನ್ನು 'ಗಾಡಿ ಆಯಿಲ್ ತಿಂತಾ ಇದೆ' ಎಂದು ಹೇಳಿ ಮುಗಿಸುವುದುಂಟು. ಅಂಥ ಸ್ಪಷ್ಟತೆ ಸಂಶೋಧನೆಗೆ ಹಾನಿಕರವಾದ್ದರಿಂದ ಅದನ್ನು ಇಲ್ಲಿ ಕೈಬಿಡಲಾಗಿದೆ.

ಶಾಸ್ತ್ರಗ್ರಂಥಗಳು ಅನುಬಂಧ ಚತುಷ್ಟಯದಿಂದ ಆರಂಭವಾಗುವುದು ವಾಡಿಕೆ. ವಿಷಯ: ಮಾಯವಾದ ಆಯಿಲ್. ಪ್ರಯೋಜನ: ಇಲ್ಲ. ಸಂಬಂಧ: ಗ್ರಾಹಕನಿಗೂ ಕಂಪನಿಗೂ ನಡುವಿನದು, ಡೆಲಿವರಿ ದಿನ ಹಾರ ಹಾಕಿ ಫೋಟೋ ತೆಗೆಯುವವರೆಗೆ ಇದ್ದುದು. ಅಧಿಕಾರಿ, ಎಂದರೆ ಈ ಶಾಸ್ತ್ರ ಓದಲು ಅರ್ಹನಾದವನು: ಕಾರಿನ ಸಾಲದ ಕಂತು ಇನ್ನೂ ಕಟ್ಟುತ್ತಿರುವವನು. ಕಂತು ಮುಗಿಯುವ ಹೊತ್ತಿಗೆ ವಾರಂಟಿಯೂ ಮುಗಿದಿರುತ್ತದೆ. ಆಮೇಲೆ ವೈರಾಗ್ಯಶಾಸ್ತ್ರ ಓದಿಕೊಳ್ಳಬಹುದು.

ಪ್ರಾಥಮಿಕ ಆಕರವಾಗಿ ಗ್ಲೋವ್ ಬಾಕ್ಸಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೇ ಉಳಿದುಹೋದ ಮಾಲೀಕರ ಕೈಪಿಡಿಯನ್ನು ಬಳಸಿಕೊಳ್ಳಲಾಗಿದೆ. ಎರಡನೆಯ ಆಕರ ಸರ್ವೀಸ್ ಸೆಂಟರಿನ ಎಸಿ ಕೋಣೆಯಲ್ಲಿ ಪ್ರಚಲಿತವಿರುವ ಮೌಖಿಕ ಪರಂಪರೆ. ಈ ಪರಂಪರೆಯ ವೈಶಿಷ್ಟ್ಯವೆಂದರೆ, 'ಇದನ್ನೇ ಬರೆದುಕೊಡಿ' ಎಂದು ಕೇಳಿದ ಕ್ಷಣ ಅದು ನಶಿಸುತ್ತದೆ.

2. ತ್ರಿವಲಯ ಸಿದ್ಧಾಂತ

ಪಿಸ್ಟನ್ನಿಗೆ ಸಾಮಾನ್ಯವಾಗಿ ಮೂರು ರಿಂಗು. ಮೇಲಿನೆರಡರ ಮುಖ್ಯ ಕೆಲಸ ಉರಿಯುವ ಅನಿಲದ ಒತ್ತಡ ಕೆಳಗಿಳಿಯದಂತೆ ತಡೆಯುವುದು. ಮೂರನೆಯದು ಆಯಿಲ್ ರಿಂಗು. ಸಿಲಿಂಡರಿನ ಗೋಡೆಗೆ ಹತ್ತಿದ ಆಯಿಲನ್ನು ಕೆರೆದು, ತೆಳ್ಳಗಿನ ಪದರವನ್ನಷ್ಟೇ ಉಳಿಸಿ, ಮಿಕ್ಕದ್ದನ್ನು ಪಿಸ್ಟನ್ನಿನ ಸಣ್ಣ ತೂತುಗಳ ಮೂಲಕ ಕೆಳಕ್ಕೆ ಕಳಿಸುವುದು ಅದರ ಸ್ವಧರ್ಮ. ಈ ತೂತುಗಳಲ್ಲಿ ಮಸಿ ಕಟ್ಟಿಕೊಂಡು ರಿಂಗು ಹಿಡಿದುಕೊಂಡರೆ ಸ್ವಧರ್ಮಕ್ಕೆ ಚ್ಯುತಿ ಬರುತ್ತದೆ. ಕೆರೆಯದೆ ಉಳಿದ ಆಯಿಲ್ ಮೇಲಕ್ಕೇರಿ ಪೆಟ್ರೋಲಿನ ಜೊತೆ ಸಹಗಮನ ಮಾಡುತ್ತದೆ. ವಾಲ್ವ್ ಸೀಲ್ ಗಟ್ಟಿಯಾದರೆ ಮೇಲಿನಿಂದಲೂ ಇಳಿಯುತ್ತದೆ. ಟರ್ಬೊ ಇದ್ದರೆ ಅದಕ್ಕೊಂದು ದಾರಿ, ಎಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕೆಟ್ಟರೆ ಇನ್ನೊಂದು.

ಹಳೇ ಗಾಡಿಗೆ ಲಕ್ಷಾಂತರ ಕಿಲೋಮೀಟರ್ ಓಡಿದ ಮೇಲೆ ಇದೆಲ್ಲ ಆಗುತ್ತಿತ್ತು. 'ಎಂಜಿನ್ ಬೋರಿಗೆ ಬಂದಿದೆ' ಎನ್ನುತ್ತಿದ್ದರು, ಮಾಲೀಕ ನಿಟ್ಟುಸಿರು ಬಿಟ್ಟು ಒಪ್ಪಿಕೊಳ್ಳುತ್ತಿದ್ದ. ಹೊಸ ಗಾಡಿಗೆ ಏಕೆ ಆಗುತ್ತದೆ? ಮೈಲೇಜು ಹೆಚ್ಚಬೇಕು, ಅದಕ್ಕೆ ಘರ್ಷಣೆ ತಗ್ಗಬೇಕು. ಅದಕ್ಕಾಗಿ ರಿಂಗುಗಳ ಬಿಗಿತ ಸಡಿಲಿಸಿದರು, ಆಯಿಲನ್ನೂ ತೆಳ್ಳಗೆ ಮಾಡಿದರು. ವಿನ್ಯಾಸ ಸರಿಯಿದ್ದಲ್ಲಿ ಇದರಿಂದ ತೊಂದರೆಯಿಲ್ಲ. ಲೆಕ್ಕ ಕೂದಲೆಳೆಯಷ್ಟು ತಪ್ಪಿದಲ್ಲಿ ಆಯಿಲ್ ಹೊಗೆಯಾಗುತ್ತದೆ. ಪಿಸ್ಟನ್ನಿನ ನಕ್ಷೆ ಬರೆದವನು ಗ್ರಾಹಕನಲ್ಲ ಎಂಬ ಅಂಶವನ್ನು ಮುಂದಿನ ಪರಿಚ್ಛೇದಗಳಲ್ಲಿ ಓದುಗರು ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಬೇರೆ ಯಾರೂ ಇಟ್ಟುಕೊಳ್ಳುವುದಿಲ್ಲ.

3. ಪ್ರಮಾಣ ವಿಚಾರ

ನ್ಯಾಯದರ್ಶನದ ಪ್ರಕಾರ ಪ್ರಮಾಣಗಳು ನಾಲ್ಕು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ.

ಪ್ರತ್ಯಕ್ಷವೆಂದರೆ ಡಿಪ್‌ಸ್ಟಿಕ್. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆರಿಸಿ, ಕೆಲವು ನಿಮಿಷ ಬಿಟ್ಟು ಕಡ್ಡಿ ಎಳೆದು, ಒರೆಸಿ, ಮತ್ತೆ ಹಾಕಿ ತೆಗೆದರೆ ಗುರುತು ಕಾಣುತ್ತದೆ. ಮಾಲೀಕ ನೋಡಿದಾಗ ಗುರುತು ಕೆಳಗಿರುತ್ತದೆ. ಸರ್ವೀಸ್ ಅಡ್ವೈಸರ್ ಅದೇ ಕಡ್ಡಿಯನ್ನು ಬೆಳಕಿಗೆ ಹಿಡಿದು ಹೇಳುತ್ತಾರೆ: "ಇನ್ನೂ ಮಿನಿಮಮ್ ಮೇಲಿದೆ ಅಲ್ವಾ ಸರ್?" ಹೀಗೆ ಪ್ರತ್ಯಕ್ಷ ಪ್ರಮಾಣ ಬಾಧಿತವಾಯಿತು.

ಅನುಮಾನಕ್ಕೆ ತಾರ್ಕಿಕರು ಶತಮಾನಗಳಿಂದ ಕೊಡುತ್ತ ಬಂದ ಉದಾಹರಣೆ ಬೆಟ್ಟದ ಮೇಲಿನ ಹೊಗೆ. ಹೊಗೆ ಕಂಡರೆ ಬೆಂಕಿ. ನೀಲಿ ಹೊಗೆ ಕಂಡರೆ ಉರಿಯುತ್ತಿರುವ ಆಯಿಲ್. ಆದರೆ ಈ ವ್ಯಾಪ್ತಿಯನ್ನು ರೂಪಿಸಿದವರ ಕಾಲದಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ಸ್ವಲ್ಪ ಸ್ವಲ್ಪವೇ ಉರಿಯುವ ಆಯಿಲಿನ ಹೊಗೆಯನ್ನು ಅದು ಹೊರಗೆ ಕಾಣಗೊಡುವುದಿಲ್ಲ. ತಾನು ಮಾತ್ರ ಆಯಿಲಿನಲ್ಲಿರುವ ರಂಜಕ, ಸತುವಿನ ಅಂಶಗಳಿಂದ ನಿಧಾನವಾಗಿ ಕೆಡುತ್ತದೆ. "ಸೈಲೆನ್ಸರಲ್ಲಿ ಹೊಗೆ ಇಲ್ವಲ್ಲ ಸರ್?" ಅನುಮಾನವೂ ಹೋಯಿತು.

ಉಪಮಾನ: ಪಕ್ಕದ ಮನೆಯವರದೂ ಇದೇ ಮಾಡೆಲ್, ಅವರ ಗಾಡಿಯಲ್ಲಿ ಆಯಿಲ್ ಇಳಿಯುವುದಿಲ್ಲ ಎಂದು ವಾದಿ ಮಂಡಿಸಿದ. ಪ್ರತಿವಾದಿಯ ಖಂಡನೆ: "ಒಂದೊಂದು ಗಾಡಿ ಒಂದೊಂದ್ ಥರ ಸರ್." ಹಾಗಿದ್ದರೆ ನನ್ನ ಗಾಡಿಯಲ್ಲೇ ಏನೋ ದೋಷವಿರಬೇಕಲ್ಲ ಎಂದರೆ ಉತ್ತರ ತಕ್ಷಣ ಬಂತು: "ಇಲ್ಲ ಸರ್, ಎಲ್ಲಾ ಗಾಡೀಲೂ ಹಿಂಗೇ." ಎರಡು ವಾಕ್ಯಗಳ ನಡುವೆ ಉಸಿರು ತೆಗೆದುಕೊಳ್ಳುವಷ್ಟು ಕೂಡ ಅಂತರವಿರಲಿಲ್ಲ. ಪರಸ್ಪರ ವಿರುದ್ಧವಾದ ಎರಡು ಧರ್ಮಗಳು ಒಂದೇ ಅಧಿಕರಣದಲ್ಲಿ ಇರಲಾರವು ಎಂದು ತಾರ್ಕಿಕರು ಇಷ್ಟು ಕಾಲ ನಂಬಿಕೊಂಡು ಬಂದದ್ದು ಅವರು ಕಾರು ಕೊಳ್ಳದಿದ್ದ ಕಾರಣದಿಂದ.

ಉಳಿದದ್ದು ಶಬ್ದ, ಎಂದರೆ ಆಪ್ತವಾಕ್ಯ. ವಾರಂಟಿ ದರ್ಶನದಲ್ಲಿ ಇದೊಂದೇ ಪ್ರಮಾಣ. ಆ ವಾಕ್ಯ: "ಇದು ನಾರ್ಮಲ್ ಸರ್."

4. ವಾದಭೇದ

ಕಂಪನಿ ಪಕ್ಷದ ವಾದಗಳು ಒಂಬತ್ತು ವಿಧ.

ಒಂದು, ಸಹಜವಾದ. ಮೇಲೆ ಹೇಳಿದೆ. ಎರಡು, ಚಾಲಕದೋಷವಾದ. ಇದರ ಪ್ರಕಾರ ಹೈವೇಯಲ್ಲಿ ಓಡಿಸಿದರೆ ವೇಗ ಹೆಚ್ಚಾಗಿ ಆಯಿಲ್ ಉರಿಯುತ್ತದೆ. ಸಿಟಿಯಲ್ಲಿ ಓಡಿಸಿದರೆ ಟ್ರಾಫಿಕ್ಕಿನಲ್ಲಿ ನಿಂತು ನಿಂತು ಉರಿಯುತ್ತದೆ. ಮನೆಯಲ್ಲೇ ನಿಲ್ಲಿಸಿದರೆ 'ಗಾಡಿ ಓಡಿಸ್ತಾ ಇರ್ಬೇಕು ಸರ್'. ಮೂರು, ಪತ್ರವಾದ: "ಕಂಪನಿಗೆ ಮೇಲ್ ಹಾಕಿದ್ದೀವಿ." ಆ ಮೇಲನ್ನು ಕಂಡವರಿಲ್ಲ, ಅದರ ಉತ್ತರವನ್ನು ಕಂಡವರಂತೂ ಮೊದಲೇ ಇಲ್ಲ. ಮಾಲೀಕ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾಯುತ್ತಾನೆ. ಅಲ್ಲಾದರೂ ಸ್ವಲ್ಪ ಉಳಿದಿರುತ್ತದೆ. ನಾಲ್ಕು, ತಾತ್ಕಾಲಿಕ ಪೂರಣವಾದ...

ನಾಲ್ಕರಿಂದ ಒಂಬತ್ತರವರೆಗೆ ಹೆಸರು ಕೊಟ್ಟು, ಲಕ್ಷಣ ಬರೆದು, ಕೋಷ್ಟಕ ಹಾಕುವ ಉದ್ದೇಶವಿತ್ತು. ಬಿಡಿ. ಎಲ್ಲವೂ ಮೊದಲನೆಯದೇ.

5. ನಾರ್ಮಲ್ ಎಂಬ ಪಾರಮಾರ್ಥಿಕ ಸತ್ಯ

ಯಾವ ಎಂಜಿನ್ನಾದರೂ ಸ್ವಲ್ಪ ಆಯಿಲ್ ಸುಡುತ್ತದೆ, ಅದು ಸತ್ಯ. ಸುಡದಿದ್ದರೆ ಸಿಲಿಂಡರಿನ ಗೋಡೆಗೆ ಆಯಿಲ್ ಹತ್ತಿಲ್ಲವೆಂದೇ ಅರ್ಥ. ಪ್ರಶ್ನೆ ಎಷ್ಟು ಎಂಬುದು. ಹಲವು ಕಂಪನಿಗಳ ಕೈಪಿಡಿಗಳಲ್ಲಿ ಒಂದು ಸಾಲು ಇರುತ್ತದೆ: ಸಾವಿರ ಕಿ.ಮೀ.ಗೆ ಅರ್ಧ ಲೀಟರು, ಕೆಲವರಲ್ಲಿ ಒಂದು ಲೀಟರಿನವರೆಗೆ. ಅಷ್ಟರವರೆಗೆ ನಾರ್ಮಲ್.

ಈ ಸಾಲನ್ನು ಭಾಷ್ಯವಿಲ್ಲದೆ ಬರೀ ಗಣಿತದಿಂದ ನೋಡೋಣ. ಸಣ್ಣ ಪೆಟ್ರೋಲ್ ಕಾರಿನ ಎಂಜಿನ್ನಿಗೆ ಹಿಡಿಯುವ ಆಯಿಲ್ ಮೂರೂವರೆ ಲೀಟರಿನ ಆಸುಪಾಸು. ಡಿಪ್‌ಸ್ಟಿಕ್ಕಿನ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಸುಮಾರು ಒಂದು ಲೀಟರು. ಸಾವಿರಕ್ಕೆ ಒಂದು ಲೀಟರು ನಾರ್ಮಲ್ ಎಂದಾದರೆ, ತುಂಬಿಸಿಕೊಂಡು ಬೆಂಗಳೂರಿನಿಂದ ಬೀದರಿಗೆ ಹೋದವನು ಮನೆಗೆ ವಾಪಸ್ ಮುಟ್ಟುವ ಮೊದಲೇ ಕೆಳಗಿನ ಗುರುತು ದಾಟಿರುತ್ತಾನೆ. ಅದೇ ಕಂಪನಿಯ ಅದೇ ಕೈಪಿಡಿಯ ಇನ್ನೊಂದು ಪುಟದಲ್ಲಿ ಆಯಿಲ್ ಬದಲಿಸಲು ಹತ್ತು ಸಾವಿರ ಕಿ.ಮೀ. ಎಂದಿರುತ್ತದೆ. ಅಷ್ಟರೊಳಗೆ ಹತ್ತು ಲೀಟರು ಹೋಗಿರಬೇಕು. ಮೂರೂವರೆ ಲೀಟರಿನ ಎಂಜಿನ್ನು ಎರಡು ಸಲ ಪೂರ್ತಿ ಬರಿದಾಗಿ, ಮೂರನೆಯ ಸಲಕ್ಕೂ ಹತ್ತಿರ ಬಂದಿರಬೇಕು. ಷೋರೂಮಿನಲ್ಲಿ 'ಮೇಂಟೆನೆನ್ಸ್ ಏನೂ ಇಲ್ಲ ಸರ್, ವರ್ಷಕ್ಕೊಂದು ಸರ್ವೀಸ್ ಅಷ್ಟೇ' ಎಂದವರು ನಡುವೆ ಹತ್ತು ಡಬ್ಬ ಆಯಿಲ್ ಸುರಿಯಬೇಕಾದೀತು ಎಂದು ಹೇಳಿದ್ದರೆ? ಒಂದು ಗಾಡಿಯೂ ಮಾರಾಟವಾಗುತ್ತಿರಲಿಲ್ಲ. ಅವರಿಗೂ ಗೊತ್ತು, ಒಂದು ಲೀಟರು ನಾರ್ಮಲ್ ಅಲ್ಲ. ಅದು ಎಂಜಿನ್ನಿನ ಲಕ್ಷಣವೇ ಅಲ್ಲ. ಅದು ವಕೀಲರು ಇಟ್ಟ ಅಂಕಿ. ಪರೀಕ್ಷೆ ಬರೆಯುವ ಹುಡುಗನೇ ಪಾಸಿಗೆ ಎಷ್ಟು ಅಂಕ ಬೇಕೆಂದು ತೀರ್ಮಾನಿಸಿದರೆ ಹೇಗೋ ಹಾಗೆ, ತಾನು ಮಾಡಿದ ಎಂಜಿನ್ನಿಗೆ ತಾನೇ ಮಿತಿ ಬರೆದು, ಆ ಮಿತಿಯೊಳಗಿದೆ ಎಂದು ತಾನೇ ಸರ್ಟಿಫಿಕೇಟು ಕೊಟ್ಟುಕೊಳ್ಳುವುದು.

ಬೇರೆ ಕಡೆ ಏನಾಯಿತು ನೋಡಿ. ಅಮೆರಿಕದಲ್ಲಿ ಟೊಯೋಟಾ ತನ್ನ 2.4 ಲೀಟರಿನ ಒಂದು ಎಂಜಿನ್ನಿನ ಪಿಸ್ಟನ್, ರಿಂಗುಗಳನ್ನು ಉಚಿತವಾಗಿ ಬದಲಿಸಿಕೊಡಲು ಒಪ್ಪಿದಾಗ ಇಟ್ಟ ಅಳತೆ 1200 ಮೈಲಿಗೆ ಒಂದು ಕ್ವಾರ್ಟ್. ನಮ್ಮ ಲೆಕ್ಕದಲ್ಲಿ ಸಾವಿರ ಕಿ.ಮೀ.ಗೆ ಸುಮಾರು ಅರ್ಧ ಲೀಟರು. ಅಲ್ಲಿ ಅದಕ್ಕಿಂತ ಹೆಚ್ಚಾದರೆ ರೋಗ, ಕೈಪಿಡಿಯಲ್ಲಿ ಅದರ ದುಪ್ಪಟ್ಟೂ ಆರೋಗ್ಯ. ಸುಬಾರು ಮೇಲಿನ ಸಾಮೂಹಿಕ ಮೊಕದ್ದಮೆ 2016ರಲ್ಲಿ ರಾಜಿಯಾದಾಗ ಮೊಕದ್ದಮೆಯಲ್ಲಿದ್ದ ಎಂಜಿನ್ನುಗಳಿಗೆ ಇದೇ ತೊಂದರೆಗೆ 8 ವರ್ಷ ಅಥವಾ 1 ಲಕ್ಷ ಮೈಲಿಯವರೆಗೆ ವಾರಂಟಿ ಹಿಗ್ಗಿತು. 2022ರ ಅಕ್ಟೋಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಜ್ಯೂರಿ, ಆಯಿಲ್ ತಿನ್ನುವ 5.3 ಲೀಟರಿನ ಎಂಜಿನ್ನುಗಳ ಪ್ರಕರಣದಲ್ಲಿ ಜನರಲ್ ಮೋಟರ್ಸ್ 10.26 ಕೋಟಿ ಡಾಲರ್ ಕೊಡಬೇಕೆಂದು ತೀರ್ಪಿತ್ತಿತು. ನಾರ್ಮಲ್ ಎಂಬ ಶಬ್ದಪ್ರಮಾಣ ಆ ಜ್ಯೂರಿಯ ಮುಂದೆ ನಿಲ್ಲಲಿಲ್ಲ.

6. ಸಾವಿರ ಕಿಲೋಮೀಟರಿನ ವ್ರತ

ವಾದಿ ಪಟ್ಟು ಬಿಡದಿದ್ದರೆ ಆತನಿಗೆ 'ಆಯಿಲ್ ಕನ್ಸಂಪ್ಷನ್ ಟೆಸ್ಟ್' ಎಂಬ ವ್ರತ ವಿಧಿಸಲಾಗುತ್ತದೆ. ಹಳೇ ಆಯಿಲ್ ಬಸಿದು, ಹೊಸ ಫಿಲ್ಟರ್ ಹಾಕಿ, ಅಳೆದು ತುಂಬಿಸಿ, ಡ್ರೈನ್ ಬೋಲ್ಟಿಗೂ ಡಿಪ್‌ಸ್ಟಿಕ್ಕಿಗೂ ಆಯಿಲ್ ಹಾಕುವ ಮುಚ್ಚಳಕ್ಕೂ ಸೀಲು. ಸಾವಿರ ಕಿ.ಮೀ. ಓಡಿಸಿ ಬರಬೇಕು. ನಡುವೆ ಮುಚ್ಚಳ ತೆಗೆದು ಆಯಿಲ್ ಹಾಕಿದರೆ ವ್ರತಭಂಗ, ಮತ್ತೆ ಮೊದಲಿನಿಂದ. ಹಾಕದೆ ಓಡಿಸಿ, ಡ್ಯಾಶ್‌ಬೋರ್ಡಿನಲ್ಲಿ ಗಿಂಡಿಯಾಕಾರದ ಕೆಂಪು ದೀಪ ಹತ್ತಿದರೆ ಮಾಲೀಕನ ನಿರ್ಲಕ್ಷ್ಯ. ಆ ಕೆಂಪು ದೀಪ ಆಯಿಲಿನ ಮಟ್ಟ ತೋರಿಸುವುದಲ್ಲ, ಒತ್ತಡ ಬಿದ್ದಾಗ ಹತ್ತುವುದು. ಅದು ಹತ್ತುವ ಹೊತ್ತಿಗೆ ಬೇರಿಂಗು ಸವೆಯಲು ಶುರುವಾಗಿರಬಹುದು.

ಇನ್ನು ವಾರಂಟಿ ಪುಸ್ತಕದ ಎರಡು ಕಲಮುಗಳನ್ನು ಒಟ್ಟಿಗೆ ಓದಬೇಕು. ಆಯಿಲ್ ಬಳಕೆಯ ವಸ್ತು, ಅದಕ್ಕೆ ವಾರಂಟಿ ಇಲ್ಲ. ಆಯಿಲ್ ಕಡಿಮೆಯಾಗಿ ಎಂಜಿನ್ ಹಾಳಾದರೆ ಅದು ಮಾಲೀಕನ ಅಜಾಗ್ರತೆ, ಅದಕ್ಕೂ ವಾರಂಟಿ ಇಲ್ಲ. ಎಂಜಿನ್ನಿನ ದೋಷದಿಂದ ಆಯಿಲ್ ಹೋಗುತ್ತದೆ, ಆಯಿಲ್ ನಿಮ್ಮದು. ಆಯಿಲ್ ಹೋದದ್ದರಿಂದ ಎಂಜಿನ್ ಹೋಗುತ್ತದೆ; ಎಂಜಿನ್ನೂ ನಿಮ್ಮದು. ಹಾಗಾದರೆ ಕಂಪನಿಯದು ಯಾವುದು ಸ್ವಾಮಿ? ಗಾಡಿಯ ಮೂತಿಯ ಮೇಲಿನ ಲಾಂಛನ ಮಾತ್ರವೇ? ದಿನಕ್ಕೆ ಇನ್ನೂರು ಕಿಲೋಮೀಟರ್ ಓಡಿಸಿ ಸಾಲದ ಕಂತು, ಮಕ್ಕಳ ಫೀಸು ಕಟ್ಟುವ ಟ್ಯಾಕ್ಸಿ ಚಾಲಕ ನಿಮ್ಮ ನಾರ್ಮಲ್ ಪ್ರಕಾರ ಐದು ದಿನಕ್ಕೊಂದು ಲೀಟರು ಸಿಂಥೆಟಿಕ್ ಆಯಿಲ್ ಎಲ್ಲಿಂದ ತರಬೇಕು? ಎಂಜಿನ್ ಸೀಜ್ ಆಗಿ ಗಾಡಿ ನಿಮ್ಮ ಷೆಡ್ಡಿನಲ್ಲಿ ನಿಂತ ದಿನಗಳ ದುಡಿಮೆಯನ್ನು ಯಾವ ಕಲಮಿನಲ್ಲಿ ತುಂಬಿಕೊಡುತ್ತೀರಿ?

ಈ ಪರಿಚ್ಛೇದದಲ್ಲಿ ಸಂಶೋಧಕನ ತಾಟಸ್ಥ್ಯ ಕೆಟ್ಟಿದೆ. ಸರಿಪಡಿಸುವ ಮನಸ್ಸಿಲ್ಲ.

7. (ಈ ಪರಿಚ್ಛೇದಕ್ಕೆ ಪಾರಿಭಾಷಿಕ ಹೆಸರು ಹೊಳೆಯಲಿಲ್ಲ)

ಹೆಚ್ಚು ನೋಯಿಸುವುದು ಇನ್ನೊಂದು. ಗಾಜಿನ ಗೋಡೆಯ ಆಚೆ, ಲಿಫ್ಟಿನ ಕೆಳಗೆ ಕೈ ಕಪ್ಪು ಮಾಡಿಕೊಂಡು ನಿಂತ ಹುಡುಗನಿಗೆ ಕಾಯಿಲೆ ಏನೆಂದು ಗೊತ್ತಿರುತ್ತದೆ. ಪ್ಲಗ್ ಬಿಚ್ಚಿ ಅದರ ಮೇಲಿನ ಒದ್ದೆ ಮಸಿ ನೋಡುತ್ತಲೇ ಗೊತ್ತಾಗಿರುತ್ತದೆ. "ರಿಂಗೇ ಸರ್ ಅದು. ನಾನು ಹೇಳ್ದೆ ಅನ್ಬೇಡಿ" ಎನ್ನುತ್ತಾನೆ. ಗಾಜಿನ ಈಚೆ ಬಂದರೆ ಆ ಮಾತು ಜಾಬ್ ಕಾರ್ಡಿಗೆ ಏರುವುದಿಲ್ಲ. ಕಾರಣ ಸರಳ: ವಾರಂಟಿಯಲ್ಲಿ ಎಂಜಿನ್ ಬಿಚ್ಚಲು ಡೀಲರಿಗೆ ಕಂಪನಿಯ ಒಪ್ಪಿಗೆ ಬೇಕು; ಒಪ್ಪಿಗೆಯಿಲ್ಲದೆ ಬಿಚ್ಚಿದರೆ ಕೂಲಿಯೂ ಸಾಮಾನಿನ ಖರ್ಚೂ ಡೀಲರಿನ ತಲೆಗೆ. ಹಾಗಾಗಿ ಬಲ್ಲವನು ಬಾಯಿ ಮುಚ್ಚಿಕೊಳ್ಳುತ್ತಾನೆ, ಅರಿಯದವನು ಕಂಪ್ಯೂಟರಿನ ಮುಂದೆ ಕುಳಿತು ನಾರ್ಮಲ್ ಎನ್ನುತ್ತಾನೆ, ಗಾಡಿಗೆ ವಾಟರ್ ವಾಶ್ ಮಾಡಿ ಹೊರಗೆ ಬಿಡುತ್ತಾರೆ. "ಫೀಡ್‌ಬ್ಯಾಕ್ ಕಾಲ್ ಬರುತ್ತೆ ಸರ್, ಟೆನ್ ಕೊಟ್ಬಿಡಿ, ಇಲ್ಲಾಂದ್ರೆ ನಮ್ಗೆ ಪ್ರಾಬ್ಲಮ್ ಆಗುತ್ತೆ." ಈ ಮಾತು ಸುಳ್ಳಲ್ಲ, ಅದನ್ನು ಹೇಳಿದವನ ಸಂಬಳಕ್ಕೆ ನಿಜವಾಗಿಯೂ ಕತ್ತರಿ ಬೀಳಬಹುದು. ಕಂಪನಿಯ ಮೇಲಿನ ಸಿಟ್ಟನ್ನು ಅವನ ಮೇಲೆ ತೀರಿಸಿಕೊಳ್ಳುವುದೇ, ಸುಳ್ಳು ಹತ್ತು ಕೊಡುವುದೇ? ಗ್ರಾಹಕನ ಸಭ್ಯತೆಯನ್ನೇ ಒತ್ತೆಯಾಗಿಟ್ಟುಕೊಳ್ಳುವ ಈ ಏರ್ಪಾಟಿನ ಮುಂದೆ ಆಯಿಲ್ ಹೋದದ್ದು ಸಣ್ಣ ನಷ್ಟ.

ಪರಿಭಾಷೆ ಸಾಕು. ಬೇಕಾದ್ದಿಷ್ಟು. ಜಾಬ್ ಕಾರ್ಡಿನಲ್ಲಿ 'ಜನರಲ್ ಚೆಕಪ್' ಎಂದು ಬರೆದಿದ್ದರೆ ಸಹಿ ಹಾಕಬೇಡಿ, 'ಇಷ್ಟು ಕಿ.ಮೀ.ಗೆ ಇಷ್ಟು ಆಯಿಲ್ ಕಡಿಮೆಯಾಗಿದೆ' ಎಂದೇ ಬರೆಸಿ. ಪ್ರತಿ ಸಲ ಆಯಿಲ್ ಹಾಕಿದಾಗ ಬಿಲ್ ಇಟ್ಟುಕೊಳ್ಳಿ, ಡಿಪ್‌ಸ್ಟಿಕ್ಕಿನದೂ ಓಡೋಮೀಟರಿನದೂ ಫೋಟೋ ತೆಗೆಯಿರಿ. ನಿಗದಿತ ಸರ್ವೀಸ್ ಒಂದನ್ನೂ ತಪ್ಪಿಸಬೇಡಿ, ಅವರು ಮೊದಲು ಹುಡುಕುವುದು ಅದನ್ನೇ. ಫೋನಿನಲ್ಲಿ ಮಾತಾಡಿದ್ದನ್ನು ಅದೇ ದಿನ ಮೇಲ್ ಮಾಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಂಪನಿಯ ಊರಿಗೆ ಹೋಗಬೇಕಿಲ್ಲ. ಗಾಡಿಗೆ ಕೊಟ್ಟ ಹಣ 5 ಲಕ್ಷ ದಾಟಿ 10 ಲಕ್ಷದೊಳಗಿದ್ದರೆ ಶುಲ್ಕ 200 ರೂಪಾಯಿ, ಒಂದು ಡಬ್ಬ ಆಯಿಲಿಗಿಂತ ಕಡಿಮೆ. ಒಂದೇ ತಕರಾರಿರುವ ಹಲವು ಮಾಲೀಕರು ಆಯೋಗದ ಅನುಮತಿ ಪಡೆದು ಒಟ್ಟಾಗಿಯೂ ಹೋಗಬಹುದು. ದೋಷ ಪರೀಕ್ಷೆಯಿಲ್ಲದೆ ತಿಳಿಯದು ಎಂದಾದರೆ ಆಯೋಗ ತಜ್ಞರ ಬಳಿಗೆ ಕಳಿಸಬಲ್ಲದು. ಅದರ ಶುಲ್ಕವನ್ನು ಮೊದಲು ನಿಮ್ಮಿಂದಲೇ ಕಟ್ಟಿಸಿಕೊಳ್ಳಬಹುದು, ಅದಕ್ಕೂ ಸಿದ್ಧರಿರಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ದೂರು ಕೊಡಲು ಕಾನೂನು ಕೊಟ್ಟಿರುವ ಅವಧಿ, ತಕರಾರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಕಂಪನಿಯ ಮೇಲಿಗೆ ಉತ್ತರ ಬರುತ್ತದೆಂದು ಕಾದು ಕುಳಿತ ದಿನಗಳೂ ಆ ಎರಡು ವರ್ಷದೊಳಗೇ ಎಣಿಕೆಯಾಗುತ್ತವೆ.