ಚಪ್ಪಾಳೆಯ ಪಾರುಪತ್ಯಗಾರರು

ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ವಾದ್ಯಮೇಳದ ಬೆನ್ನ ಹಿಂದೆಯೂ ಸೀಟುಗಳಿವೆ. ಗಾಯಕವೃಂದ ಬೇಕಾದ ದಿನ ಅಲ್ಲಿ ಗಾಯಕರು ಕೂರುತ್ತಾರೆ. ಬೇಡದ ದಿನ ಅವೇ ಸೀಟುಗಳ ಟಿಕೆಟ್ ಅಗ್ಗವಾಗಿ ಸಿಗುತ್ತದೆ. ನಮ್ಮ ಪಾರುಪತ್ಯಗಾರರ ಖಾಯಂ ಜಾಗ ಅದು. ಕಂಡಕ್ಟರರ ಮುಖ ನೇರ ಕಾಣುತ್ತದಲ್ಲ, ಅದಕ್ಕೆ ಎನ್ನುತ್ತಾರೆ. ಕಂಡಕ್ಟರರ ಹೆಗಲಾಚೆ, ಸುಮಾರು 2,700 ಜನ ಹಿಡಿಸುವ ಸಭಾಂಗಣವೂ ಅಷ್ಟೇ ನೇರ ಕಾಣುತ್ತದೆ ಎಂಬುದನ್ನು ಮಾತ್ರ ಬಾಯಿಬಿಟ್ಟು ಹೇಳುವುದಿಲ್ಲ. ಯಾರು ಕೆಮ್ಮಿದರು, ಯಾರ ಮೊಬೈಲು ಮಿನುಗಿತು, ಯಾರು ಪೆಪ್ಪರ್‌ಮಿಂಟಿನ ಕಾಗದವನ್ನು ಸದ್ದಾಗಬಾರದೆಂದು ನಿಧಾನವಾಗಿ ಬಿಚ್ಚಿ ಸದ್ದನ್ನು ಇನ್ನಷ್ಟು ಉದ್ದ ಮಾಡಿದರು, ಎಲ್ಲ ಅವರ ದಫ್ತರಕ್ಕೆ ಸೇರುತ್ತದೆ.

ಈ ಜಾಗಕ್ಕೆ ಒಂದೇ ಐಬು. ಚೆಲ್ಲೋ ಕಛೇರಿಯ ದಿನ ಅಲ್ಲಿಗೆ ಕಾಣುವುದು ವಾದಕರ ಬೆನ್ನು. ಚೆಲ್ಲೋದ ಎದೆಯ ಮೇಲಿನ ರಂಧ್ರಗಳು ಸಭೆಯ ಕಡೆಗಿರುವುದರಿಂದ ನಾದವೆಲ್ಲ ಆ ಕಡೆಗೇ ಹರಿದು, ಹಿಂದೆ ಕೂತವರಿಗೆ ಉಳಿಕೆ ಪಳಿಕೆ. ಪಾರುಪತ್ಯಗಾರರಿಗೆ ಇದೇನೂ ಕೊರತೆಯಲ್ಲ. ಅವರು ಕೇಳಲು ಬಂದಿರುವುದು ಸಭೆಯನ್ನು.

ಇಂಥವರು ವಿಯೆನ್ನಾದಲ್ಲೂ ಇದ್ದಾರೆ, ಮುಂಬಯಿಯಲ್ಲೂ ಇದ್ದಾರೆ. ಲಂಡನ್ನಿನ ತಳಿಗೆ ಮೊಣಕೈಗೆ ತೇಪೆ ಹಾಕಿದ ಕೋಟು, ನಿವೃತ್ತಿ ವೇತನ ಮತ್ತು ಹಳೆಯ ಕಾರ್ಯಕ್ರಮ ಪುಸ್ತಕಗಳ ದೊಡ್ಡ ರಾಶಿ ಇರುತ್ತದೆ. ಆ ರಾಶಿಯಲ್ಲಿ ಅವರಿಗೆ ಅಚ್ಚುಮೆಚ್ಚಿನದು ಈ ಸಭಾಂಗಣವೇ ಹಿಂದೆ ಅಚ್ಚು ಹಾಕಿಸುತ್ತಿದ್ದ ಒಂದು ಸೂಚನೆ: ಹಾರ್ನ್ ವಾದ್ಯದ ಮಧ್ಯಮ ಗಟ್ಟಿತನದ ಒಂದು ಸ್ವರ ಸುಮಾರು 65 ಡೆಸಿಬೆಲ್, ಬಾಯಿ ಮುಚ್ಚಿಕೊಳ್ಳದೆ ಕೆಮ್ಮಿದ ಒಂದು ಕೆಮ್ಮೂ ಅಷ್ಟೇ, ಆದ್ದರಿಂದ ಕರವಸ್ತ್ರ ಬಳಸಿ. ಇದನ್ನು ಅವರು ಬಾಯಿಪಾಠ ಹೇಳಬಲ್ಲರು. ಕೆಮ್ಮಿದವರಿಗೆ ಹೇಳಿಯೂ ಇದ್ದಾರೆ.

ಈ ಸಂಜೆ ಬಂದಿರುವವರು ಅತಿಥಿ ಕಂಡಕ್ಟರ್. ಅತಿಥಿಗಳ ಬಗ್ಗೆ ನಮ್ಮವರಿಗೆ ಅಷ್ಟಕ್ಕಷ್ಟೆ. ಎರಡು ಮೂರು ರಿಹರ್ಸಲ್ ಮಾಡಿಸಿ, ಕೋಲಾಡಿಸಿ, ಹೂಗುಚ್ಛ ತಗೊಂಡು ಏರ್‌ಪೋರ್ಟಿಗೆ ಹೋಗುವವರು. ವಾದಕರು ನೋಡುವುದು ಮೊದಲ ಪಿಟೀಲಿನ ಲೀಡರನ್ನೇ ಎಂದು ಪಕ್ಕದ ಸೀಟಿಗೆ ಪಿಸುಗುಟ್ಟುತ್ತಾರೆ. ಪಕ್ಕದ ಸೀಟಿನಲ್ಲಿ ಇರುವವಳು ಮೈಸೂರಿನಿಂದ ಕೆಲಸಕ್ಕೆಂದು ಬಂದ ಹುಡುಗಿ. ಅವಳೂ ಟಿಕೆಟ್ ಅಗ್ಗವೆಂದೇ ಅಲ್ಲಿ ಕೂತಿದ್ದಾಳೆ.

ಮೊದಲು ಎಲ್ಗರ್‌ನ ಚೆಲ್ಲೋ ಕಾನ್ಚೆರ್ಟೊ. ಚೆಲ್ಲೋ ಒಂಟಿಯಾಗಿ ಬಿಕ್ಕಿದಂತೆ ಶುರುವಾಗುತ್ತದೆ. ಕೃತಿ ಪೂರ್ತಿ ಮುಗಿಯುವ ಮುನ್ನ, ಭಾಗಗಳ ನಡುವೆ ಚಪ್ಪಾಳೆ ತಟ್ಟಬಾರದು ಎಂಬುದು ಪಾರುಪತ್ಯಗಾರರ ಕಾನೂನು. ಮೊದಲ ಭಾಗ ಎರಡನೆಯದಕ್ಕೆ ತಡೆಯಿಲ್ಲದೆ ಸೇರಿಕೊಳ್ಳುವುದರಿಂದ ಅಲ್ಲಿ ಚಪ್ಪಾಳೆಯ ಭಯವಿಲ್ಲ. ಪಾರುಪತ್ಯಗಾರರು ಬೆನ್ನು ಸಡಿಲಿಸುತ್ತಾರೆ. ಎರಡನೇ ಭಾಗದ ಓಟಕ್ಕೆ ಹುಡುಗಿಯ ಬೆರಳು ತಾನಾಗಿಯೇ ತೊಡೆಯ ಮೇಲೆ ತಾಳ ಹಾಕತೊಡಗುತ್ತದೆ. ಅವಳಿಗೆ ಗೊತ್ತಿರುವ ಕಛೇರಿಗಳಲ್ಲಿ ತಾಳ ಹಾಕದವನೇ ಅನುಮಾನಾಸ್ಪದ ವ್ಯಕ್ತಿ. ತನಿ ಆವರ್ತನ ಮುಗಿದಾಗ ಚಪ್ಪಾಳೆ ಬೀಳದಿದ್ದರೆ ಮೃದಂಗದವರು ಮನೆಗೆ ಹೋಗಿ ಊಟ ಮಾಡುವುದಿಲ್ಲ. ಪಾರುಪತ್ಯಗಾರರು ಅವಳ ಬೆರಳನ್ನು ನೋಡುತ್ತಾರೆ. ಬೆರಳು ನಿಲ್ಲುತ್ತದೆ. ಅಷ್ಟರಲ್ಲಿ ಆ ಭಾಗ ತಟಕ್ಕನೆ ಮುಗಿದು, ಬಾಲ್ಕನಿಯಲ್ಲಿ ಯಾರೋ ಒಬ್ಬ ಮೂರು ಸಲ ಚಪ್ಪಾಳೆ ತಟ್ಟಿ, ತಾನು ಒಂಟಿಯೆಂದು ತಿಳಿದು, ನಾಲ್ಕನೆಯದನ್ನು ಗಾಳಿಯಲ್ಲೇ ನಿಲ್ಲಿಸುತ್ತಾನೆ. ನಿಧಾನ ಗತಿಯ ಮೂರನೇ ಭಾಗ, ಇಡೀ ಕೃತಿಯ ಜೀವ, ಪೂರ್ತಿ ಹೋದದ್ದು ಅವನ ಸೀಟು ಯಾವುದೆಂದು ಪತ್ತೆ ಹಚ್ಚುವುದರಲ್ಲಿ.

ಮಧ್ಯಂತರದಲ್ಲಿ ಅವರ ಕೈಗೆ ಪುಟ್ಟ ಐಸ್‌ಕ್ರೀಂ ಕಪ್ಪು ಬರುತ್ತದೆ, ಬಾಯಿಗೆ ಇತಿಹಾಸ ಬರುತ್ತದೆ. ಇತಿಹಾಸದಲ್ಲಿ ಅವರು ನಿಜಕ್ಕೂ ಗಟ್ಟಿ. ಈ ಕಾನ್ಚೆರ್ಟೊ 1919ರ ಅಕ್ಟೋಬರಿನಲ್ಲಿ ಮೊದಲ ಸಲ ನುಡಿದ ದಿನ ಎಲ್ಗರ್‌ಗೆ ಸಿಗಬೇಕಾದ ರಿಹರ್ಸಲ್ ಸಮಯವನ್ನು ಅದೇ ಕಛೇರಿಯ ಇನ್ನೊಬ್ಬ ಕಂಡಕ್ಟರ್ ಆಲ್ಬರ್ಟ್ ಕೋಟ್ಸ್ ನುಂಗಿಹಾಕಿದ್ದು, ಕೃತಿ ಎಡವಿದ್ದು. ಆ ದಿನ ಚೆಲ್ಲೋಗಳ ಸಾಲಿನಲ್ಲಿ ಕೂತಿದ್ದ ಹುಡುಗ ಬಾರ್ಬಿರೋಲಿ 1965ರಲ್ಲಿ ತಾನೇ ಕಂಡಕ್ಟರಾಗಿ ಇಪ್ಪತ್ತರ ಜಾಕ್ವೆಲಿನ್ ದು ಪ್ರೆ ಜೊತೆ ಅದನ್ನೇ ಧ್ವನಿಮುದ್ರಿಸಿ ಜಗತ್ತಿಗೇ ಕೇಳಿಸಿದ್ದು, ಎಲ್ಲವೂ ಅವರ ನಾಲಗೆಯ ತುದಿಯಲ್ಲಿದೆ.

ತಮಗೆ ಒಗ್ಗದ ಪುಟಗಳನ್ನು ಮಾತ್ರ ಅವರು ತಿರುವುವುದಿಲ್ಲ. ಪ್ಯಾರಿಸ್ಸಿನಲ್ಲಿ 1778ರಲ್ಲಿ ಮೋಟ್ಸಾರ್ಟ್‌ನ ಸಿಂಫನಿ ನಡೆಯುತ್ತಿರುವಾಗಲೇ ಜನ ಚಪ್ಪಾಳೆ ಹೊಡೆದರು. ಅವನು ಕೋಪಿಸಿಕೊಳ್ಳುವ ಬದಲು ಖುಷಿಯಿಂದ ಹೋಗಿ ಐಸ್‌ಕ್ರೀಂ ತಿಂದು, ಅದನ್ನೆಲ್ಲ ಅಪ್ಪನಿಗೆ ಕಾಗದ ಬರೆದು ತಿಳಿಸಿದ. ಸ್ವತಃ ಎಲ್ಗರ್‌ನನ್ನು 1908ರಲ್ಲಿ, ಅವನ ಮೊದಲ ಸಿಂಫನಿಯ ನಡುವೆಯೇ, ಲಂಡನ್ನಿನ ಜನ ಚಪ್ಪಾಳೆ ತಟ್ಟಿ ತಟ್ಟಿ ವೇದಿಕೆಗೆ ಕರೆಸಿಕೊಂಡಿದ್ದರು.

“ಈ ಫಿಲ್ಹಾರ್ಮೋನಿಯಾ ವಾದ್ಯಮೇಳ ನಮ್ಮ ಹೆಮ್ಮೆ,” ಎಂದು ಚಮಚ ನೆಕ್ಕುತ್ತಾರೆ ಪಾರುಪತ್ಯಗಾರರು. “1945ರಲ್ಲಿ ವಾಲ್ಟರ್ ಲೆಗ್ ಕಟ್ಟಿದ್ದು.”

“ಹೌದು, ಆಮೇಲೆ ದುಡ್ಡು ಕೊಟ್ಟವರು ನಮ್ಮ ಮಹಾರಾಜರು,” ಎನ್ನುತ್ತಾಳೆ ಹುಡುಗಿ.

ಚಮಚ ಅರ್ಧಕ್ಕೆ ನಿಲ್ಲುತ್ತದೆ. ಜಯಚಾಮರಾಜ ಒಡೆಯರ್ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರು. ರಷ್ಯಾದ ಮೆಟ್ನರ್‌ನ ಸಂಗೀತವನ್ನು ತಮ್ಮ ಖರ್ಚಿನಲ್ಲಿ ಧ್ವನಿಮುದ್ರಣ ಮಾಡಿಸಿದವರು. ಮೆಟ್ನರ್ ಮೂರನೇ ಪಿಯಾನೋ ಕಾನ್ಚೆರ್ಟೊವನ್ನು ಅವರಿಗೇ ಅರ್ಪಿಸಿದ. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರ ಮೇ 22ರಂದು ಇದೇ ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ಮೊದಲು ಕೇಳಿಸಿದ್ದರ ಹಿಂದೆಯೂ ಮೈಸೂರಿನ ಹಣವಿತ್ತು. ಅದೇ ದೊರೆ ಇತ್ತ ಅರಮನೆಯಲ್ಲಿ ಶ್ರೀವಿದ್ಯಾ ಅಂಕಿತದಲ್ಲಿ ಕೀರ್ತನೆ ರಚಿಸುತ್ತಿದ್ದವರು. ಅವರು ತಾಳ ಹಾಕುತ್ತಿದ್ದರೋ ಎಂದು ಕೇಳಬೇಕೆನ್ನಿಸಿದರೂ ಪಾರುಪತ್ಯಗಾರರು ಕೇಳುವುದಿಲ್ಲ. “ಇಂಟರೆಸ್ಟಿಂಗ್,” ಎನ್ನುತ್ತಾರೆ. ಅವರ ಬಾಯಲ್ಲಿ ಅದು ಸಂಭಾಷಣೆ ಮುಗಿಯಿತೆಂಬ ಗಂಟೆ.

ಮಧ್ಯಂತರದ ನಂತರ ಚೈಕೋವ್‌ಸ್ಕಿಯ ಆರನೇ ಸಿಂಫನಿ, ಅಂದರೆ ಪಾರುಪತ್ಯಗಾರರ ಅಗ್ನಿಪರೀಕ್ಷೆ. ಇದರ ಮೂರನೇ ಭಾಗ ನಗಾರಿ, ಕಹಳೆಗಳ ಅಬ್ಬರದಲ್ಲಿ, ಎಲ್ಲ ಮುಗಿಯಿತು ಎಂದು ಯಾರಾದರೂ ನಂಬುವಂತೆ ಮುಗಿಯುತ್ತದೆ; ಮುಗಿದಿರುವುದಿಲ್ಲ. ಚಪ್ಪಾಳೆಗೆ ಎಡೆಗೊಡದೆ ನೇರ ನಾಲ್ಕನೆಯದಕ್ಕೆ ಧುಮುಕುವ ಕಂಡಕ್ಟರುಗಳೂ ಇದ್ದಾರೆ. ಈ ಅತಿಥಿ ಧುಮುಕಲಿಲ್ಲ, ಕೋಲು ಕೆಳಗಿಳಿಸಿ ನಿಂತರು. ಸಭೆ ಸಿಡಿಯಿತು. ಪಾರುಪತ್ಯಗಾರರು ಎರಡೂ ಕೈಗಳನ್ನು ಕಂಕುಳಲ್ಲಿ ಬಂಧಿಸಿಟ್ಟುಕೊಂಡರು. ಅತಿಥಿಯ ಮುಖದಲ್ಲಿ ಅವರು ಎದುರುನೋಡಿದ್ದು ಸಿಟ್ಟು. ಕಂಡದ್ದು ನಗು. ಮುಖ ಕಾಣುವ ಜಾಗವೇ ಬೇಕೆಂದು ಕೂತವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೇನಿದೆ?

ಕೊನೆಯ ಭಾಗ ಚೆಲ್ಲೋ, ಡಬಲ್ ಬಾಸ್‌ಗಳಲ್ಲಿ ಇಳಿಯುತ್ತ ಕರಗಿತು. ಪಾರುಪತ್ಯಗಾರರು ವಾಚು ನೋಡುತ್ತಿದ್ದರು, ಮೌನ ಎಷ್ಟು ಸೆಕೆಂಡು ಉಳಿಯುತ್ತದೆಂದು ಅಳೆಯಲು. ಹನ್ನೊಂದು. ಪರವಾಗಿಲ್ಲ.

ಆ ರಾತ್ರಿ ವಾಟರ್ಲೂ ಸ್ಟೇಷನ್ನಿನಿಂದ ಹೊರಟ ರೈಲಿನಲ್ಲೇ ಸಭಾಂಗಣದ ಆಡಳಿತಕ್ಕೆ ಕಾಗದ ಸಿದ್ಧವಾಯಿತು. ಬಾಲ್ಕನಿಯ ಅಪರಾಧಿಗೆ ಒಂದು ಪ್ಯಾರಾ, ಪೆಪ್ಪರ್‌ಮಿಂಟಿಗೆ ಒಂದು, ಅತಿಥಿಯ ನಗುವಿಗೆ ಎರಡು. ಚೆಲ್ಲೋ ವಾದಕರ ಬಗ್ಗೆಯೂ ಒಂದು ಮಾತು ಬರೆಯೋಣವೆಂದುಕೊಂಡರು, ಅಷ್ಟರಲ್ಲಿ ಎದುರು ಸೀಟಿನವನು ಬಾಯಿ ಮುಚ್ಚಿಕೊಳ್ಳದೆ ಕೆಮ್ಮಿದ.