ಏಪ್ರಿಲಿಗೆ ಏನು ಮೆಟ್ಟಬೇಕು?

ಬೇಸಿಗೆಯಲ್ಲಿ ನಮ್ಮ ಜತ್ತ ತಾಲೂಕಿಗೆ ತಾವಾಗಿ ಬರುವವರು ಇಬ್ಬರೇ: ನೀರಿನ ಟ್ಯಾಂಕರಿನವರು, ಮತ್ತೆ ಲಗ್ನಪತ್ರಿಕೆ ಕೊಡುವವರು. ಮೊದಲಿನವರ ದಾರಿ ಕಾಯುತ್ತೇವೆ, ಎರಡನೆಯವರನ್ನು ಕಂಡರೆ ಮನಸ್ಸಿನಲ್ಲೇ ಆಹೇರಿಯ ಲೆಕ್ಕ ಹಾಕುತ್ತೇವೆ. ಊರು ನೋಡಲೆಂದು ಯಾರಾದರೂ ಏಪ್ರಿಲಿನಲ್ಲಿ ಬರುತ್ತೇವೆ ಅಂದರೆ ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತೇವೆ. ಸಾಂಗಲಿ ಜಿಲ್ಲೆಯ ಪಶ್ಚಿಮದ ತುದಿಗೆ ಶಿರಾಳ. ಅಲ್ಲಿಯವರು ಮಳೆಗಾಲದಲ್ಲಿ ಒದ್ದೆ ಛತ್ರಿ ಆರಹಾಕಲು ಜಾಗ ಹುಡುಕುತ್ತಾರೆ. ಪೂರ್ವದ ತುದಿಗೆ ನಾವು; ನಮ್ಮಲ್ಲಿ ಛತ್ರಿಯೆಂದರೆ ಬಿಸಿಲಿಗೆ ಹಿಡಿಯುವ ಸಾಮಾನು. ಮೋಡಗಳು ಸಹ್ಯಾದ್ರಿಯ ಆಚೆ ಮಗ್ಗುಲಲ್ಲೇ ಗಂಟು ಬಿಚ್ಚಿ, ಬರಿಗೈಯಲ್ಲಿ ನಮ್ಮೂರ ಮೇಲೆ ಹಾದು ಹೋಗುತ್ತವೆ.

ಇಂಥಾ ಊರಿಗೆ ಬೆಂಗಳೂರಿನಿಂದ ನನ್ನ ತಂಗಿಯ ಮಗಳು ಫೋನು ಮಾಡಿದಳು. “ಮಾಮಾ, ರಜೆ ಐತಿ, ಇವರೂ ನಿಮ್ಮ ಕಡೆ ನೋಡಿಲ್ಲ, ಬರ್ತೀವಿ. ಏನು ಹಾಕ್ಕೊಂಡು ಬರೂಣು?”

“ಇದ್ದದ್ದನ್ನ ಹಾಕ್ಕೊಂಡು ಬಾರವಾ.”

ಅದು ಉತ್ತರವಲ್ಲ ಅಂತ ಆಕೆಗೂ ಗೊತ್ತು, ನನಗೂ ಗೊತ್ತು. ಬೂಟೋ ಚಪ್ಪಲಿಯೋ, ಜೀನ್ಸೋ ಚೂಡಿದಾರವೋ, ಟೊಪ್ಪಿಗೆ ಬೇಕೋ ಬೇಡವೋ, ಅವಳ ಗಂಡ ಚಡ್ಡಿ ಹಾಕಿಕೊಂಡರೆ ಊರಲ್ಲಿ ಏನಾದರೂ ಅಂದುಕೊಳ್ಳುತ್ತಾರೋ ಎಂದು ಪ್ರಶ್ನೆಗಳು ಸಾಲುಗಟ್ಟಿದವು. ನೋಡುವ ಜಾಗಗಳ ಪಟ್ಟಿ ಮೊದಲೇ ತಯಾರಾಗಿತ್ತು: ಗುಡ್ಡಾಪುರದ ದಾನಮ್ಮ, ಇಂಚಗೇರಿ ಸಂಪ್ರದಾಯದ ಭಾವುಸಾಹೇಬ ಮಹಾರಾಜರ ಉಮದಿ, ಮರುದಿನ ವಿಜಯಪುರದ ಗೋಳಗುಮ್ಮಟ, ಬರುವಾಗ ಸುತ್ತುಬಳಸಿ ಅಥಣಿ. ಜತ್ತ ಅಂದರೆ ಹೊರಗಿನವರಿಗೆ ನೆನಪಾಗುವುದು ಮಹಾರಾಷ್ಟ್ರ-ಕರ್ನಾಟಕದ ಗಡಿ ತಂಟೆ. 2022ರ ಕೊನೆಗೆ ನಮ್ಮ ನಲವತ್ತು ಹಳ್ಳಿಗಳು ಎರಡೂ ರಾಜ್ಯಗಳ ಟಿವಿಯಲ್ಲಿ ಮೆರೆದವು. ಅಂಥಾದ್ದರಲ್ಲಿ ಬರೀ ನೋಡಲೆಂದು ಇಬ್ಬರು ಬರುತ್ತಾರೆ ಅಂದರೆ ಬೇಡ ಅನ್ನುವುದು ಹೇಗೆ?

ನಾನು ಮೊದಲು ಕೊಟ್ಟ ಸಲಹೆ ಅವಳಿಗೆ ವಿಚಿತ್ರವೆನಿಸಿತು. “ಕಾಲಿಗೆ ಏನರ ಹಾಕ್ಕೋ, ಆದರ ಅದು ಲಗೂನ ಬಿಚ್ಚಾಕ ಬರೂ ಹಂಗಿರ್ಲಿ.” ಬೂಟು ಕೊಳ್ಳುವವರಿಗೆ ಬುದ್ಧಿ ಹೇಳುವವರೆಲ್ಲ ಮೆತ್ತನೆಯ ಅಟ್ಟೆ, ಗಾಳಿಯಾಡುವ ಬಟ್ಟೆ, ಹಿಮ್ಮಡಿಯ ಆಸರೆ ಅಂತ ಹಾಕಿಕೊಂಡಮೇಲಿನ ಸುಖವನ್ನೇ ವರ್ಣಿಸುತ್ತಾರೆ. ನಮ್ಮ ದೇಶದಲ್ಲಿ ನೋಡುವಂಥದ್ದರ ಅರ್ಧಪಾಲು ಬಿಚ್ಚಿದಮೇಲೇ ಇರುವುದು. ಗುಡಿ, ಮಠ, ದರ್ಗಾ, ಬಸದಿ ಎಲ್ಲ ಕಡೆಯೂ ಹೊಸ್ತಿಲಾಚೆ ಬರಿಗಾಲು. ನಡುವೆ ಯಾವುದಾದರೂ ನೆಂಟರ ಮನೆಗೆ ಚಹಾಕ್ಕೆ ಕರೆದರೆ ಅಲ್ಲಿಯೂ ಬಾಗಿಲಲ್ಲೇ ಬಿಡಬೇಕು, ಮತ್ತೆ ನಮ್ಮ ಕಡೆ ಚಹಾಕ್ಕೆ ಕರೆಯದ ನೆಂಟರಿಲ್ಲ. ಕಾಲುಚೀಲ ಎಳೆದು, ಲೇಸು ಕಟ್ಟಿ, ಎರಡು ಗಂಟು ಹಾಕಿ ತಯಾರಾದವನು ದಿನವಿಡೀ ಬಗ್ಗುವುದರಲ್ಲೇ ಕಳೆಯುತ್ತಾನೆ. ದೇವರಿಗಿಂತ ಹೆಚ್ಚು ಸಲ ತನ್ನ ಬೂಟಿಗೇ ತಲೆಬಾಗುತ್ತಾನೆ.

ಗುಡ್ಡಾಪುರದಲ್ಲಿ ಇದು ಕಣ್ಣಿಗೆ ಕಟ್ಟುತ್ತದೆ. ದಾನಮ್ಮ ಹನ್ನೆರಡನೆಯ ಶತಮಾನದ ಶರಣೆ. ಹುಟ್ಟಿದ್ದು ಇದೇ ತಾಲೂಕಿನ ಉಮರಾಣಿಯಲ್ಲಿ, ತಂದೆ-ತಾಯಿ ಇಟ್ಟ ಹೆಸರು ಲಿಂಗಮ್ಮ. ಕಲ್ಯಾಣಕ್ಕೆ ಹೋದಾಗ ಆಕೆಯ ಕೊಡುಗೈ ಕಂಡು ಬಸವಣ್ಣನವರೇ ದಾನಮ್ಮ ಎಂದು ಕರೆದರೆಂದು ನಮ್ಮವರ ನಂಬಿಕೆ. ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಜನ ನಡೆದುಕೊಂಡೇ ಬರುತ್ತಾರೆ. ಅದು ಚಳಿಯ ಹಂಗಾಮು, ಪಾದಕ್ಕೆ ಅಷ್ಟು ತ್ರಾಸಿಲ್ಲ. ಬೇಸಿಗೆಯ ನಡುಮಧ್ಯಾಹ್ನ ಬಂದವರನ್ನು ನೋಡಬೇಕು. ಕಾದ ಕಲ್ಲುಹಾಸಿನ ಮೇಲೆ ಮೊದಲ ನಾಕು ಹೆಜ್ಜೆ ಬಲು ಗಂಭೀರ. ಐದನೆಯದಕ್ಕೆ ಹಿಮ್ಮಡಿ ಮೇಲೇಳುತ್ತದೆ. ಆಮೇಲೆ ಬೆರಳ ತುದಿ, ಆಮೇಲೆ ಪಾದದ ಹೊರಮಗ್ಗುಲು, ಕೊನೆಗೆ ನಾಚಿಕೆ ಬಿಟ್ಟ ಓಟ. ಒಂದು ಕೈಯಲ್ಲಿ ಕಾಯಿ-ಕರ್ಪೂರದ ಬುಟ್ಟಿ, ಇನ್ನೊಂದರಲ್ಲಿ ತಲೆಯ ಸೆರಗು ಹಿಡಿದು ಓಡುವ ಮುದುಕಿಯರ ಮುಂದೆ ಹುಡುಗರೂ ಸೋಲುತ್ತಾರೆ. ಯಾರೋ ಪುಣ್ಯಾತ್ಮರು ನೀರು ಹಾಕಿ ಹಾಸಿದ ಗೋಣಿತಟ್ಟು ಸಿಕ್ಕಿತೋ, ಎಲ್ಲರೂ ಅಲ್ಲೇ ನಿಂತು ಕಣ್ಣುಮುಚ್ಚಿ ಕೈಮುಗಿಯುತ್ತಾರೆ. ಭಕ್ತಿ ಅಲ್ಲಿ ಗೋಣಿತಟ್ಟಿನ ಉದ್ದಗಲಕ್ಕೇ ದಟ್ಟವಾಗಿರುತ್ತದೆ.

ಅದಕ್ಕೇ ಬೂಟಿಗಿಂತ ಮೊದಲು ಚೀಲದಲ್ಲಿ ಒಂದು ಜೊತೆ ಹತ್ತಿಯ ಕಾಲುಚೀಲ ಇರಲಿ ಅಂತ ನಾನು ಹೇಳುವುದು. ಶ್ರವಣಬೆಳಗೊಳದಲ್ಲಿ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲನ್ನು ಬರಿಗಾಲಲ್ಲೇ ಹತ್ತಬೇಕು. ಬುಡದಲ್ಲಿ ಕಾಲುಚೀಲ ಮಾರುವವರು ಇರುವುದು ಸುಮ್ಮನೆ ಅಲ್ಲ. ಬಾಹುಬಲಿ ಮೇಲೆ ಏನೂ ಉಡದೆ ನಿಂತಿದ್ದಾನೆ, ಕೆಳಗೆ ಅವನ ಭಕ್ತರು ಕಾಲುಚೀಲಕ್ಕೆ ಚೌಕಾಶಿ ಮಾಡುತ್ತಾರೆ.

ಹೊಸ ಬೂಟಿನಿಂದ ಇನ್ನೊಂದು ತೊಂದರೆ. ಅದು ಗುಡಿಯ ಹೊರಗಿದ್ದರೂ ಮನಸ್ಸು ಅದರ ಜೊತೆಗೇ ಕೂತಿರುತ್ತದೆ. ಮಂಗಳಾರತಿ ನಡೆದಾಗ ಬಾಗಿಲ ಕಡೆಗೇ ನೋಡುತ್ತಿರುವವರು ಯಾರೆಂದು ಗಮನಿಸಿ, ಅವರೆಲ್ಲ ಇತ್ತೀಚೆಗೆ ಪೇಟೆಗೆ ಹೋಗಿಬಂದವರು. ಎಡಗಾಲಿನದ್ದನ್ನು ಬೇವಿನ ಮರದ ಬುಡಕ್ಕೂ ಬಲಗಾಲಿನದ್ದನ್ನು ಕಾಯಿ ಅಂಗಡಿಯ ಹಿಂದಕ್ಕೂ ಬಿಟ್ಟು ಒಳಗೆ ಹೋಗುವ ಜಾಣರಿದ್ದಾರೆ. ಉಂಗುಟ ಎರಡು ಸಲ ಹೊಲಿಸಿದ, ಹಿಮ್ಮಡಿ ಸವೆದ ಚಪ್ಪಲಿಯವನಿಗೆ ಮಾತ್ರ ದೇವರು ಪೂರ್ತಿ ಸಿಗುತ್ತಾನೆ.

ಬಟ್ಟೆಯ ವಿಷಯಕ್ಕೆ ಬಂದರೆ, ಬೆಂಗಳೂರಿನವರ ಲೆಕ್ಕ ಸರಳ: ಬಿಸಿಲು ಏರಿದಂತೆ ಬಟ್ಟೆ ಇಳಿಯಬೇಕು. ಕರಾವಳಿಯಲ್ಲಿ ಈ ಲೆಕ್ಕ ಸರಿಹೋದೀತು. ಅಲ್ಲಿ ಬೆವರು ಆರುವುದೇ ಇಲ್ಲ, ಒಂದು ಮುಂಡು ಒಂದು ಬೈರಾಸಿನಲ್ಲೇ ಜನ ಸುಖವಾಗಿರುತ್ತಾರೆ. ನಮ್ಮದು ಒಣ ಬಿಸಿಲು. ಬೆವರು ಬಂದದ್ದು ಗೊತ್ತಾಗುವ ಮೊದಲೇ ಆರಿರುತ್ತದೆ, ಅಂಗಿಯ ಬೆನ್ನ ಮೇಲೆ ಉಪ್ಪಿನ ಬಿಳಿ ಗೆರೆ ಮಾತ್ರ ಉಳಿಯುತ್ತದೆ. ಇಲ್ಲಿ ಮೈ ಬಿಟ್ಟವನೇ ಸುಡುತ್ತಾನೆ. ನಮ್ಮ ಹಿರಿಯರನ್ನು ನೋಡಿ: ಕಣಕಾಲು ಮುಚ್ಚುವ ಧೋತರ, ಮೊಳಕೈ ದಾಟಿದ ತೋಳಿನ ಸಡಿಲ ಅಂಗಿ, ತಲೆಗೆ ರುಮಾಲು ಇಲ್ಲವೇ ಬಿಳಿ ಗಾಂಧಿ ಟೊಪ್ಪಿಗೆ. ಮೊಗ ಮತ್ತು ಅಂಗೈ ಬಿಟ್ಟರೆ ಸೂರ್ಯನಿಗೆ ಅವರ ಪರಿಚಯವೇ ಇಲ್ಲ.

ಇದರ ಪರಾಕಾಷ್ಠೆ ಕಾಣಬೇಕಾದರೆ ಮಾಡಗ್ಯಾಳದ ಕಡೆ ಹೋಗಬೇಕು. ಗಿಣಿಮೂಗಿನ ಮಾಡಗ್ಯಾಳ ಕುರಿಗೆ ದೊಡ್ಡ ಹೆಸರು. ಒಳ್ಳೆಯ ಟಗರಿಗೆ ಲಕ್ಷದ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ. ಅದನ್ನು ಸಾಕುವುದು ಮಾಂಸಕ್ಕೆ, ಕಂಬಳಿಗೆ ಕರಿಯ ಡೆಕ್ಕನಿ ಕುರಿಯ ಉಣ್ಣೆಯೇ ಬೇಕು. ಕುರುಬಣ್ಣ ಆ ಕರಿ ಕಂಬಳಿಯನ್ನು ಹೆಗಲಿಗೆ ಹಾಕಿಕೊಂಡು ಏಪ್ರಿಲಿನ ಬಿಸಿಲಲ್ಲಿ ಬಯಲೊಳಗೆ ಕೋಲೂರಿ ನಿಂತಿರುತ್ತಾನೆ. ಕಾಲಲ್ಲಿ ಟೈರಿನ ಚಪ್ಪಲಿ. ಹವಾಯಿ ಚಪ್ಪಲಿಯನ್ನು ಜಾಲಿಮುಳ್ಳು ಲೆಕ್ಕಕ್ಕೇ ಇಡುವುದಿಲ್ಲ, ನೇರ ಹಿಮ್ಮಡಿಗೆ ಬಂದು ಮುಟ್ಟುತ್ತದೆ. ಲಾರಿಯ ಟೈರಿನ ಮುಂದೆ ಅದರ ಆಟ ನಡೆಯದು. ಅಷ್ಟು ದಪ್ಪದ ರಬ್ಬರಿನ ಮೇಲೆ ನಿಂತವನಿಗೆ ನೆಲದ ಕಾವೂ ತಟ್ಟದು. ತೂಕ ಮಾತ್ರ ವಿಪರೀತ. ಸಿಟ್ಟಿಗೆದ್ದಾಗ ಎಸೆಯಲೂ ಅನುಕೂಲ.

ಕರಿ ಕಂಬಳಿ ಬಿಸಿಲನ್ನು ಹೀರುವುದಿಲ್ಲವೇ ಅಂತ ವಿಜ್ಞಾನ ಓದಿದವರು ಕೇಳುತ್ತಾರೆ. ಅವರಿಗಾಗಿ ವಿಜ್ಞಾನವನ್ನೇ ಇಟ್ಟುಕೊಂಡಿದ್ದೇನೆ. ಮರುಭೂಮಿಯ ಬೆಡೊಯಿನರು ಕರಿ ನಿಲುವಂಗಿ ತೊಡುವುದೇಕೆ ಎಂದು ನೋಡಲು ಕೆಲವು ವಿಜ್ಞಾನಿಗಳು ಒಬ್ಬನನ್ನು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ನಡುಮಧ್ಯಾಹ್ನ ಬಿಸಿಲಿಗೆ ಮುಖಮಾಡಿ ನಿಲ್ಲಿಸಿದರು. ಒಮ್ಮೆ ಕರಿ ನಿಲುವಂಗಿ, ಒಮ್ಮೆ ಬಿಳಿಯದು, ಒಮ್ಮೆ ಸೈನಿಕರ ಖಾಕಿ, ಒಮ್ಮೆ ಬರೀ ಚಡ್ಡಿ. 1980ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಫಲಿತಾಂಶ ಬಂತು: ಕರಿ ಬಟ್ಟೆ ಹೆಚ್ಚು ಕಾವು ಹೀರುವುದೇನೋ ನಿಜ, ಆದರೆ ಅದು ಮೈಗೆ ಮುಟ್ಟುವ ಮೊದಲೇ ಹೊರಗೆ ಹೋಗುತ್ತದೆ. ಬಟ್ಟೆ ಸಡಿಲವಿದ್ದು ಒಳಗೆ ಗಾಳಿಯಾಡಿದರೆ ಕರಿಗೂ ಬಿಳಿಗೂ ಮೈಗೆ ತಾಗುವ ಕಾವಿನಲ್ಲಿ ಫರಕಿಲ್ಲ. ಬಣ್ಣಕ್ಕಿಂತ ಸಡಿಲು ಮುಖ್ಯ ಅಂದಹಾಗಾಯಿತು. ಚಡ್ಡಿಯಲ್ಲಿ ನಿಂತ ಆ ಮಹರಾಯನ ಬೆನ್ನಿಗೆ ಆಮೇಲೆ ಯಾರು ಎಣ್ಣೆ ಹಚ್ಚಿದರೋ!

ಇಷ್ಟೆಲ್ಲ ಹೇಳಿದ ನನ್ನ ಮಾತಿಗೆ ಮನೆಯೊಳಗೇ ಬೆಲೆಯಿಲ್ಲ ಅನ್ನುವುದೂ ನಿಜ. ನನ್ನ ಹೆಂಡತಿಯ ಹತ್ತಿರ ನೂಲಿನ ಇಳಕಲ್ಲ ಸೀರೆ ಇವೆ; ಬಿಸಿಲಿಗೆ ಅದರಂಥಾದ್ದಿಲ್ಲ. ಆದರೆ ಪ್ರವಾಸ ಅಂದಕೂಡಲೇ ಟ್ರಂಕಿನಿಂದ ಹೊರಬರುವುದು ಸಿಂಥೆಟಿಕ್ ಸೀರೆ. ಕೇಳಿದರೆ, “ರಾತ್ರಿ ಹಿಂಡಿ ಹಾಕಿದರ ಮುಂಜಾನೆಗೆ ಒಣಗಿರ್ತೈತಿ, ಇಸ್ತ್ರಿ ಬ್ಯಾಡ. ನಿಮ್ಮ ಧೋತರ ಒಗಿಯೂದೂ ನನಗ ಬರ್ತೈತಿ, ಅದನ್ನ ಆ ನೇಚರ್‌ನವರಿಗೆ ಬರೀರಿ” ಅಂತಾಳೆ. ಬಟ್ಟೆಯ ಸುಖವನ್ನು ತೊಡುವವರು ಅಳೆಯುವುದು ಒಂದು ರೀತಿ, ಒಗೆಯುವವರು ಅಳೆಯುವುದು ಇನ್ನೊಂದು ರೀತಿ.

ಕಾಲಿನ ವಿಷಯದಲ್ಲಿ ನಾನು ಪಂಡಿತರೆಂದು ಒಪ್ಪುವುದು ಶ್ರೀಶೈಲಕ್ಕೆ ನಡೆದು ಹೋಗುವವರನ್ನು. ಯುಗಾದಿಗೆ ಮಲ್ಲಯ್ಯನ ಸನ್ನಿಧಿ ಮುಟ್ಟಬೇಕೆಂದು ನಮ್ಮ ಕಡೆಯ ಊರುಗಳಿಂದ, ಬೆಳಗಾವಿ ಬಾಗಲಕೋಟೆ ವಿಜಯಪುರದಿಂದ, ಫಾಲ್ಗುಣದ ಬಿಸಿಲಲ್ಲೇ ಕಂಬಿ ಹೊತ್ತು ಹೊರಡುತ್ತಾರೆ. ಕೆಲವರು ಮರಗಾಲು ಕಟ್ಟಿಕೊಂಡು ಹೋಗುವುದೂ ಉಂಟು. ಹರಕೆಯವರು ಬರಿಗಾಲು, ಉಳಿದವರ ಕಾಲಲ್ಲಿ ನೋಡಿದರೆ ಹವಾಯಿ, ಪ್ಲಾಸ್ಟಿಕ್ ಸ್ಯಾಂಡಲ್, ಮಗನ ಶಾಲೆಯ ಕ್ಯಾನ್ವಾಸ್ ಬೂಟು, ಏನು ಸಿಕ್ಕಿತೋ ಅದು. ಹೊಸದು ಮಾತ್ರ ಯಾರ ಕಾಲಲ್ಲೂ ಇರುವುದಿಲ್ಲ. ದಾರಿಯ ಊರವರು ಮಜ್ಜಿಗೆ ಕೊಡುತ್ತಾರೆ, ಬಿಸಿನೀರು ಕಾಯಿಸಿ ಕಾಲಿಗೆ ಎಣ್ಣೆ ತಿಕ್ಕುತ್ತಾರೆ, ಬೊಬ್ಬೆಗೆ ಮುಲಾಮು ಹಚ್ಚುತ್ತಾರೆ. ಅವರ ನಿಜವಾದ ಗುಟ್ಟು ಕಾಲಲ್ಲಿಲ್ಲ, ಹೊತ್ತಿನಲ್ಲಿದೆ. ಕೋಳಿ ಕೂಗುವ ಮೊದಲೇ ಎದ್ದು ನಡೆಯುತ್ತಾರೆ, ಬಿಸಿಲು ಏರಿತೋ ಗುಡಿಕಟ್ಟೆಯ ನೆರಳಲ್ಲಿ ಟವೆಲ್ ಮುಖಕ್ಕೆಳೆದು ಮಲಗುತ್ತಾರೆ, ಸಂಜೆ ತಂಪಾದಮೇಲೆ ಮತ್ತೆ ಹೆಜ್ಜೆ. ಹನ್ನೆರಡಕ್ಕೆ ಹೊರಬಿದ್ದು, ಬಿಸಿಲಿಗೆ ಯಾವ ಬಟ್ಟೆ ಒಳ್ಳೆಯದೆಂದು ಕೇಳುವವರಿಗೆ ನನ್ನ ಉತ್ತರ: ಚಾವಣಿ.

ಬಂದರು ಇಬ್ಬರೂ. ಅಳಿಯಂದಿರ ಕಾಲಲ್ಲಿ ತಿಳಿಹಸಿರು ಬಣ್ಣದ ಓಟದ ಬೂಟು, ಇಸ್ತ್ರಿ ಮಾಡಿದಷ್ಟು ಬೆಳ್ಳಗಿನ ಅಟ್ಟೆ. ಗುಡ್ಡಾಪುರದಲ್ಲಿ ಅವರು ಗೋಣಿತಟ್ಟಿನ ಭಕ್ತಮಂಡಳಿಗೆ ಸೇರಿದರು. ಗೋಳಗುಮ್ಮಟಕ್ಕೆ ಸೊಸೆ ಬಿಗಿ ಜೀನ್ಸಿನಲ್ಲಿ ಹೊರಟಳು. 1656ರಲ್ಲಿ ಮುಗಿದ ಕಟ್ಟಡ. ಪಿಸುಮಾತು ಕೇಳಿಸುವ ಆ ಗ್ಯಾಲರಿಗೆ ಮೂಲೆಯ ಗೋಪುರದೊಳಗಿನ ಕಡಿದಾದ ಮೆಟ್ಟಿಲಲ್ಲೇ ಏರಬೇಕು, ಒಂದೊಂದು ಮೆಟ್ಟಿಲಿಗೂ ಮೊಣಕಾಲು ಎದೆಗೆ ಬರುತ್ತದೆ. ಮುಂದೆ ಸಿಂಥೆಟಿಕ್ ಸೀರೆಯ ನಿರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿದ ಅತ್ತೆ ಸರಸರ ಹತ್ತಿ ಹೋದಳು. ಜೀನ್ಸು ಹಿಂದಿನಿಂದ ಬಂತು, ನಿಂತು ನಿಂತು.

ಅಥಣಿಯನ್ನು ಸಂಜೆಗೆ ಇಟ್ಟುಕೊಂಡದ್ದು ನನ್ನದೇ ಹಟ. ದಿನವಿಡೀ ಅಡ್ಡಾಡಿದ ಕಾಲು ಬಿಸಿಲಿಗೆ ಉಬ್ಬಿರುತ್ತದೆ; ಮುಂಜಾನೆ ಕೊಂಡ ಚಪ್ಪಲಿ ಸಂಜೆಗೆ ಬಿಗಿ, ಸಂಜೆ ಕೊಂಡದ್ದು ಯಾವ ಹೊತ್ತಿಗೂ ಬಿಗಿಯಿಲ್ಲ. ಅಳಿಯಂದಿರಿಗೆ ಕೊಲ್ಹಾಪುರಿ ಬೇಕಿತ್ತು, ಅದಕ್ಕೆ ಅಥಣಿಗೇಕೆ ಅನ್ನುವ ಅನುಮಾನವೂ ಇತ್ತು. ಹೆಸರಿಗೆ ಕೊಲ್ಹಾಪುರಿ, ಆದರೆ ಅದರ ಭೌಗೋಳಿಕ ಗುರುತು ಎಂಟು ಜಿಲ್ಲೆಗೆ ಸೇರಿದ್ದು: ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ, ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಗಡಿಯ ಎರಡೂ ಕಡೆಯವರು ತಕರಾರಿಲ್ಲದೆ ಹಂಚಿಕೊಂಡ ಆಸ್ತಿ ನನಗೆ ತಿಳಿದಂತೆ ಇದೊಂದೇ.

ಅಂಗಡಿಯವ ಒಂದು ಜೋಡನ್ನು ಕೈಗೆ ತೆಗೆದುಕೊಂಡು ಬಿಲ್ಲಿನಂತೆ ಬಗ್ಗಿಸಿ ತೋರಿಸಿದ. ಎಮ್ಮೆ ಚರ್ಮದ ಅಟ್ಟೆ, ಜಾಲಿ ತೊಗಟೆ ಅಳಲೆಕಾಯಿಯಲ್ಲಿ ಹದ ಮಾಡಿದ್ದು. ಮೊಳೆಯೊಂದೂ ಇಲ್ಲ, ಹೊಲಿಗೆಯೂ ಚರ್ಮದ ದಾರದ್ದೇ. ಪಟ್ಟಿಯ ಮೇಲೆ ಸಣ್ಣ ಜಡೆ, ಅದು ಮನೆಯ ಹೆಂಗಸರು ಹೆಣೆದದ್ದು. ಅಳಿಯಂದಿರು ಅಲ್ಲೇ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟರು. ಕಿರ್ರ್ ಕಿರ್ರ್ ಅಂತ ಗತ್ತಿನ ಸದ್ದು ಬಂತು, ಹಿಂದೆಯೇ ಅವರ ಹುಬ್ಬು ಗಂಟಾಯಿತು. ಉಂಗುಟ ಹೆಬ್ಬೆರಳ ಸಂದಿಗೆ ಕಚ್ಚಿತ್ತು.

“ಎಂಟು ದಿವ್ಸ ಎಣ್ಣಿ ಹಚ್ರಿ ಸಾಹೇಬ್ರ, ಮನ್ಯಾಗ ಅಡ್ಡಾಡ್ರಿ. ಆಮ್ಯಾಗ ಅದು ನಿಮ್ಮ ಕಾಲಿನ ಮಾತು ಕೇಳ್ತೈತಿ. ನೀರು ಮಾತ್ರ ತಾಕಿಸಬ್ಯಾಡ್ರಿ.”

“ಅಂದ್ರೆ ಈ ಟ್ರಿಪ್ಪಿಗೆ ಆಗಲ್ವಾ?”

“ಮುಂದಿನ ಟ್ರಿಪ್ಪಿಗೆ ಆಗ್ತೈತ್ರಿ.”

ರೇಟು ಕೇಳಿದಾಗ ನನ್ನ ಹೆಂಡತಿ ಮುಂದೆ ಬಂದಳು. ಆಕೆ ಅರ್ಧಕ್ಕೆ ಕೇಳಿದಳು. ಅಂಗಡಿಯವ ನಕ್ಕು ಪ್ರಾಡಾದ ಕತೆ ತೆಗೆದ. 2025ರ ಜೂನ್‌ನಲ್ಲಿ ಇಟಲಿಯ ಆ ಕಂಪನಿ ಮಿಲಾನಿನ ಪ್ರದರ್ಶನದಲ್ಲಿ ಥೇಟ್ ಇಂಥಾ ಚಪ್ಪಲಿಯನ್ನು ಹೆಸರು ಹೇಳದೆ ಮೆರೆಸಿ ಗದ್ದಲವಾಯಿತು, ಆಮೇಲೆ ಮೂಲ ನಿಮ್ಮದೇ ಅಂತ ಒಪ್ಪಿಕೊಂಡಿತು, ಡಿಸೆಂಬರಿನಲ್ಲಿ ಎರಡೂ ರಾಜ್ಯಗಳ ಚರ್ಮೋದ್ಯಮ ನಿಗಮಗಳ ಜೊತೆ ಒಪ್ಪಂದಕ್ಕೂ ಬಂತು. ಜೋಡಿಗೆ ಸುಮಾರು 800 ಯೂರೋ, ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರದ ಮೇಲೆ.

“ಆ ಪ್ರಾಡಾ ಅಂದ್ರ ಯಾರಪಾ?” ಅಂದಳು ಈಕೆ.

“ಅವರೂ ಗಿರಾಕಿನ ಅಕ್ಕಾರ. ಆದರ ಅರ್ಧಕ್ಕ ಕೇಳಲಿಲ್ಲ ನೋಡ್ರಿ.”

“ಅವರು ಮತ್ತ ಬರ್ತಾರೇನು ಚಟ್ಟಿ ಅಮಾಸಿಗೆ ಈ ದಾರೀಲೆ? ನಾವು ಬರ್ತೀವಿ.”

ಐವತ್ತು ರೂಪಾಯಿ ಕಡಿಮೆಯಾಯಿತು. ಅಳಿಯಂದಿರು ಹಸಿರು ಬೂಟಿನ ಲೇಸು ಕಟ್ಟಲು ಮತ್ತೆ ಬಗ್ಗಿದರು. ಎದುರಿಗೇ ನಮ್ಮ ದೂರದ ನೆಂಟರೊಬ್ಬರ ಮನೆಯಿತ್ತು. ಅವರು ಆಗಲೇ ಬಾಗಿಲಿಗೆ ಬಂದು ಚಹಾಕ್ಕೆ ಕೂಗುತ್ತಿದ್ದರು.